ಮಿನಿ ಹೊಲಿಗೆ ಮೆಷಿನ್: ಬಾಗಿಲ ತೋರಣಕ್ಕೂ ತಾಂಬೂಲದ ಚೀಲಕ್ಕೂ ಎಷ್ಟರ ಮಟ್ಟಿಗೆ ಆಗುತ್ತೆ?

ಒಂದು ಗೇಣು ಉದ್ದ, ಒಂದು ಗೇಣು ಎತ್ತರ, ಬಿಳಿ ಪ್ಲಾಸ್ಟಿಕ್ ಮೈ, ಪಕ್ಕದಲ್ಲಿ ಸಣ್ಣ ಕೈಚಕ್ರ. ಆನ್‌ಲೈನಲ್ಲಿ ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಸಿಗುವ ಈ ಮಿನಿ ಮೆಷಿನ್ ಹತ್ತಾರು ಹೆಸರಲ್ಲಿ ಬರುತ್ತೆ, ಒಳಗಿನ ಯಂತ್ರ ಮಾತ್ರ ಬಹುತೇಕ ಒಂದೇ. ವರಮಹಾಲಕ್ಷ್ಮಿ, ಗೌರಿ, ದಸರಾ, ದೀಪಾವಳಿ ಅಂತ ವರ್ಷಕ್ಕೆ ನಾಲ್ಕೈದು ಸಲ ಮನೆಯಲ್ಲೇ ತೋರಣ, ಚೀಲ, ಕಳಸದ ಬಟ್ಟೆ ಹೊಲಿದುಕೊಳ್ಳುವವರಿಗೆ ಇದು ಸಾಕೇ ಅನ್ನುವುದಷ್ಟೇ ಇಲ್ಲಿನ ವಿಚಾರ. ರವಿಕೆ ಹೊಲಿಯುವವರಿಗೆ, ಪ್ಯಾಂಟ್ ಮಡಚಿ ಹೊಲಿಯುವವರಿಗೆ ಇದು ಬೇಡವೇ ಬೇಡ. ತೆಳು ಕಾಟನ್ ಬಟ್ಟೆ, ಎರಡು ಮೂರು ಪದರ, ನೇರ ಹೊಲಿಗೆ. ಇಷ್ಟರೊಳಗೆ ಕೆಲಸ ಹೊಂದಿಸಿಕೊಂಡರೆ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕೊಳ್ಳುವ ಮೊದಲೇ ಒಂದು ಎಚ್ಚರಿಕೆ. ಸ್ಟೇಪ್ಲರ್ ಥರ ಕೈಯಲ್ಲಿ ಹಿಡಿದು ಒತ್ತುವ ಇನ್ನೊಂದು ಬಗೆ ಇನ್ನೂ ಕಡಿಮೆ ಬೆಲೆಗೆ ಸಿಗುತ್ತೆ. ಅದರಲ್ಲಿ ಕೆಳದಾರವೇ ಇಲ್ಲ. ಒಂದೇ ದಾರದ ಸರಪಳಿ ಹೊಲಿಗೆ ಅದು, ತುದಿ ಗಂಟು ಹಾಕದಿದ್ದರೆ ಎಳೆದ ಕೂಡಲೇ ಸಾಲು ಪೂರ್ತಿ ಬಿಚ್ಚಿಕೊಂಡು ಬರುತ್ತೆ. ಬಾಗಿಲಿಗೆ ಕಟ್ಟಿ ಗಾಳಿಗೆ ಆಡುವ ತೋರಣಕ್ಕೆ ಅದನ್ನು ನಂಬಬಾರದು. ಮೇಲ್ದಾರ, ಬಾಬಿನ್ (ಕೆಳದಾರ ಸುತ್ತಿಡುವ ಸಣ್ಣ ಗಾಲಿ) ಎರಡೂ ಇರುವ ಮೇಜಿನ ಮೇಲಿಡುವ ಮಾದರಿಯನ್ನೇ ತೆಗೆದುಕೊಳ್ಳಿ.

ಪೆಟ್ಟಿಗೆಯಲ್ಲಿ ಮೆಷಿನ್ ಜೊತೆ ಅಡಾಪ್ಟರ್, ಕಾಲಲ್ಲಿ ಒತ್ತುವ ಪೆಡಲ್, ನಾಲ್ಕು ಲೋಹದ ಬಾಬಿನ್, ಒಂದೆರಡು ಸೂಜಿ, ಸೂಜಿಗೆ ದಾರ ಪೋಣಿಸುವ ತಂತಿ ಇರುತ್ತೆ. ಪೆಡಲ್ ದೊಡ್ಡ ಮೆಷಿನ್‌ನದರ ಥರ ಅಲ್ಲ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಓಡುವುದಿಲ್ಲ, ಬರೀ ಶುರು ಮತ್ತು ನಿಲುಗಡೆ. ವೇಗಕ್ಕೆ ಬೇರೆ ಗುಂಡಿಯಿದೆ. ಅದನ್ನು ಯಾವಾಗಲೂ ಕಡಿಮೆಯಲ್ಲೇ ಇಡಿ. ನಾಲ್ಕು ಪೆನ್ಸಿಲ್ ಸೆಲ್ ಹಾಕಿಯೂ ಓಡಿಸಬಹುದು, ಒಟ್ಟು 6 ವೋಲ್ಟ್. ರೀಚಾರ್ಜ್ ಸೆಲ್ ಹಾಕಿದರೆ ಒಂದೊಂದು 1.2 ವೋಲ್ಟ್ ಮಾತ್ರ, ನಾಲ್ಕು ಸೇರಿ 4.8. ಹಾಗಾಗಿ ಮಡಿಕೆ ಬಂದ ಕಡೆ ಸೂಜಿ ಇಳಿಯದೆ ಮೋಟಾರ್ ಗುಯ್ ಅನ್ನುತ್ತೆ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಕರೆಂಟ್ ಹೋದಾಗ ಸೆಲ್ ಉಪಯೋಗಕ್ಕೆ ಬರುತ್ತೆ ನಿಜ, ಆದರೆ ಹೊಸ ಆಲ್ಕಲೈನ್ ಸೆಲ್ಲೇ ಬೇಕು. ಉಳಿದಂತೆ ಅಡಾಪ್ಟರ್‌ನಲ್ಲೇ ಹೊಲಿಯಿರಿ.

ಇದರ ನಿಜವಾದ ಕೊರತೆ ಎರಡು. ಒಂದು, ಹಿಂದಕ್ಕೆ ಹೊಲಿಯುವುದಿಲ್ಲ, ಅಂದರೆ ಸಾಲಿನ ತುದಿ ತಾನೇ ಬಿಗಿಯಾಗುವುದಿಲ್ಲ. ಇನ್ನೊಂದು, ದಪ್ಪ ತಡೆಯುವುದಿಲ್ಲ. ಇವೆರಡನ್ನೂ ತಿಳಿದುಕೊಂಡು ಬಟ್ಟೆ ಕತ್ತರಿಸುವ ಹೊತ್ತಿಗೇ ಲೆಕ್ಕ ಹಾಕಿದರೆ ಮಾವಿನೆಲೆ ತೋರಣ ಚೆನ್ನಾಗಿಯೇ ಬರುತ್ತೆ.

ತೋರಣಕ್ಕೆ ಹೊಸ ಬಟ್ಟೆ ಕೊಳ್ಳಬೇಕಿಲ್ಲ. ಅರಿಶಿನ ಕುಂಕುಮಕ್ಕೆ ಹೋದಾಗ ಕೊಟ್ಟ ರವಿಕೆ ಕಣಗಳು ಎಲ್ಲರ ಮನೆ ಬೀರುವಿನಲ್ಲೂ ಇರುತ್ತವೆ. ಒಂದು ಹಸಿರು, ಒಂದು ಕೆಂಪು ಅಥವಾ ಅರಿಶಿನ ಬಣ್ಣದ್ದು ಸಾಕು. ಮೊದಲು ಎರಡನ್ನೂ ಬೇರೆ ಬೇರೆಯಾಗಿ ತೊಳೆಯಿರಿ. ಕಣದ ಗಂಜಿ ಹೋಗಬೇಕು, ಬಟ್ಟೆ ಕುಗ್ಗುವುದಿದ್ದರೆ ಈಗಲೇ ಕುಗ್ಗಬೇಕು. ಆಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಕೆಂಪು ಕಣದ ಮೂಲೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಅದನ್ನು ಬಿಟ್ಟುಬಿಡಿ, ಗೌರಿ ಹಬ್ಬದ ಮಳೆಯ ಇರಚಲು ಹೊಡೆದ ದಿನ ಹಸಿರೆಲೆಗಳ ಮೇಲೆಲ್ಲ ಕೆಂಪು ಇಳಿಯುತ್ತೆ.

ಮೂರು ಅಡಿ ಬಾಗಿಲಿಗೆ ಚೌಕಟ್ಟು ಸೇರಿ 40 ಇಂಚಿನ ಪಟ್ಟಿ ಬೇಕು. ಎಲೆಗಳು 11. ರಟ್ಟಿನ ಮೇಲೆ 3 ಇಂಚು ಅಗಲ, 6 ಇಂಚು ಉದ್ದದ ಎಲೆ ಬರೆದು ಕತ್ತರಿಸಿಕೊಳ್ಳಿ. ಮೇಲ್ತುದಿ ನೇರ, ಕೆಳತುದಿ ಚೂಪು. ಒಂದೆಲೆಗೆ ಎರಡು ತುಂಡಿನಂತೆ 22 ತುಂಡು. 36 ಇಂಚು ಅಗಲದ ಕಣದಲ್ಲಿ ಒಂದು ಸಾಲಿಗೆ 12 ತುಂಡು ಕೂರುತ್ತೆ, ಎರಡು ಸಾಲಿಗೆ 12 ಇಂಚು ಬಟ್ಟೆ ಸಾಕು. ಹೊಲಿದ ಮೇಲೆ ಎಲೆ ಎರಡೂವರೆ ಇಂಚು ಅಗಲ ಉಳಿಯುತ್ತೆ. ನಡುವೆ ಒಂದೊಂದು ಇಂಚು ಬಿಟ್ಟರೆ 11 ಎಲೆಗೆ ಮೂವತ್ತೇಳೂವರೆ ಇಂಚು, ಎರಡೂ ಕೊನೆಗೆ ಒಂದೂಕಾಲು ಇಂಚು ಮಿಕ್ಕುತ್ತೆ.

ಹೊಲಿಗೆಗೆ ಮುಂಚೆ ಕೆಳದಾರ ಮೇಲೆ ತನ್ನಿ. ಎಡಗೈಯಲ್ಲಿ ಮೇಲ್ದಾರದ ತುದಿ ಹಿಡಿದು, ಬಲಗೈಯಲ್ಲಿ ಕೈಚಕ್ರವನ್ನು ನಿಮ್ಮ ಕಡೆಗೆ ಒಂದು ಸುತ್ತು ತಿರುಗಿಸಿದರೆ ಕೆಳದಾರ ಕುಣಿಕೆಯಾಗಿ ಮೇಲೆ ಬರುತ್ತೆ. ಎರಡೂ ದಾರವನ್ನು ಅಂಗೈ ಉದ್ದ ಹಿಂದಕ್ಕೆ ಎಳೆದು ಬಿಡಿ. ಇಷ್ಟು ಮಾಡದೆ ಶುರು ಮಾಡಿದರೆ ಮೊದಲ ನಾಲ್ಕು ಹೊಲಿಗೆಯಲ್ಲೇ ಅಡಿಯಲ್ಲಿ ದಾರ ಗೂಡು ಕಟ್ಟುತ್ತೆ. ಈ ಮೆಷಿನ್ ಬಗ್ಗೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಒಂದು ಸುತ್ತು ಬಿಟ್ಟಾಗ.

ಎರಡು ಎಲೆತುಂಡುಗಳ ಒಳ್ಳೆ ಮುಖ ಒಳಗಿಟ್ಟು, ಮೇಲ್ತುದಿಯಿಂದ ಶುರು ಮಾಡಿ, ಅಂಚಿನಿಂದ ಕಾಲು ಇಂಚು ಒಳಗೆ ಹೊಲಿಯುತ್ತಾ ಇಳಿಯಿರಿ. ಚೂಪು ತುದಿ ಹತ್ತಿರ ಬಂದಾಗ ಪೆಡಲ್ ಬಿಡಿ, ಅಲ್ಲಿಂದ ಮುಂದೆ ಕೈಚಕ್ರವೇ. ತುದಿಯಲ್ಲಿ ಸೂಜಿ ಬಟ್ಟೆಯೊಳಗೆ ಇಳಿದಿರುವಾಗಲೇ, ಬಟ್ಟೆಯನ್ನು ಒತ್ತಿಹಿಡಿಯುವ ಪಾದ ಎತ್ತಿ, ಬಟ್ಟೆಯನ್ನು ಅರ್ಧ ತಿರುಗಿಸಿ, ಅಡ್ಡಕ್ಕೆ ಒಂದೇ ಒಂದು ಹೊಲಿಗೆ ಹಾಕಿ, ಮತ್ತೆ ತಿರುಗಿಸಿ ಮೇಲಕ್ಕೆ ಹೋಗಿ. ಆ ಅಡ್ಡ ಹೊಲಿಗೆ ಇಲ್ಲದೆ ಚೂಪಾಗಿ ತಿರುಗಿಸಿದರೆ ಮಗುಚಿದ ಮೇಲೆ ತುದಿಯಲ್ಲಿ ಬಟ್ಟೆ ಮುದ್ದೆಯಾಗಿ ಎಲೆ ಮೊಂಡಾಗುತ್ತೆ. ತುದಿಯ ಹೆಚ್ಚುವರಿ ಬಟ್ಟೆಯನ್ನು ಹೊಲಿಗೆಗೆ ಎರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಬಾಗಿದ ಕಡೆ ಅಲ್ಲಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ, ಮೊಂಡಾದ ಪೆನ್ಸಿಲ್‌ನಿಂದ ಒಳಗಿಂದ ತಳ್ಳಿ ಮಗುಚಿ, ಇಸ್ತ್ರಿ ಮಾಡಿ. ಎಲೆಯ ಹೊಲಿಗೆ ಶುರುವಾಗುವುದೂ ಮುಗಿಯುವುದೂ ಮೇಲ್ತುದಿಯಲ್ಲಿ. ಮುಂದೆ ಆ ತುದಿ ಪಟ್ಟಿಯ ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತೆ. ಹಾಗಾಗಿ ಇಲ್ಲಿ ಹಿಂದಕ್ಕೆ ಹೊಲಿಯುವ ಸೌಲಭ್ಯ ಇಲ್ಲದಿದ್ದರೂ ನಷ್ಟವಿಲ್ಲ, ಗಂಟು ಕೂಡ ಬೇಡ.

ಪಟ್ಟಿ ಕೂಡಿಸುವಾಗಲೇ ಮೆಷಿನ್ ಕೈಕೊಡುವುದು. ಅಂಗಡಿಯ ತೋರಣಗಳಲ್ಲಿ ಮಾಡುವಂತೆ ಗಟ್ಟಿಯಾಗಿ ನಿಲ್ಲಲೆಂದು ಕ್ಯಾನ್ವಾಸ್ ಬಟ್ಟೆ ಹಾಕಿದ ಪಟ್ಟಿಯನ್ನು ಮಡಚಿ, ಅದರ ಬಾಯಲ್ಲಿ ಎಲೆ ಸಿಕ್ಕಿಸಿ ಒಂದೇ ಸಲಕ್ಕೆ ಹೊಲಿಯಲು ಹೋದರೆ ಲೆಕ್ಕ ಹೀಗಾಗುತ್ತೆ: ಒಳಮಡಿಕೆ ಸೇರಿ ಪಟ್ಟಿಯದೇ ನಾಲ್ಕು ಪದರ, ಎಲೆಯದು ಎರಡು, ನಡುವೆ ಕ್ಯಾನ್ವಾಸ್. ಏಳು ಪದರ. ಇಲ್ಲಿ ಸೂಜಿ ಅರ್ಧಕ್ಕೆ ನಿಲ್ಲುತ್ತೆ. ಆಗ ಬಟ್ಟೆ ಹಿಡಿದು ಎಳೆದರೆ ಸೂಜಿ ಬಾಗಿ ತಟ್ಟೆಗೆ ಬಡಿದು ಮುರಿಯುತ್ತೆ, ಪೆಡಲ್ ಒತ್ತಿಯೇ ಇದ್ದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಹಾಳಾಗುತ್ತೆ.

ಕ್ರಮ ಬದಲಿಸಿದರೆ ಇದೇ ಮೆಷಿನ್ ಸಾಕು. 5 ಇಂಚು ಅಗಲ, 21 ಇಂಚು ಉದ್ದದ ಎರಡು ಕೆಂಪು ತುಂಡುಗಳನ್ನು ಅರ್ಧ ಇಂಚಿನ ಹೊಲಿಗೆಯಲ್ಲಿ ಕೂಡಿಸಿದರೆ 41 ಇಂಚಿನ ಪಟ್ಟಿ. ಎರಡೂ ಕೊನೆ ಅರ್ಧರ್ಧ ಇಂಚು ಒಳಗೆ ಮಡಚಿ ಇಸ್ತ್ರಿ ಮಾಡಿದರೆ 40. ಪಟ್ಟಿಯ ಒಳ್ಳೆ ಮುಖ ಮೇಲೆ ಮಾಡಿ ಹಾಸಿ, ಎಲೆಗಳ ತೆರೆದ ಬಾಯಿ ಪಟ್ಟಿಯ ಒಂದು ಉದ್ದಂಚಿಗೆ ಸರಿಯಾಗಿ ಬರುವಂತೆ, ಎಲೆ ಪಟ್ಟಿಯ ಮೇಲೆ ಮಲಗಿ ಚೂಪು ತುದಿ ಇನ್ನೊಂದು ಉದ್ದಂಚಿನ ಕಡೆಗಿರುವಂತೆ ಜೋಡಿಸಿ, ಕಚ್ಚಾ ಹೊಲಿಗೆ ಹಾಕಿ. ಗುಂಡುಪಿನ್ನು ಬೇಡ, ಈ ಮೆಷಿನ್‌ನ ಸಣ್ಣ ಪಾದ ಪಿನ್ನಿನ ಮೇಲೆ ಹತ್ತಿ ಸಾಲು ಸೊಟ್ಟಗಾಗುತ್ತೆ. ಈಗ ಇರುವುದು ಮೂರೇ ಪದರ, ಪಟ್ಟಿಯದೊಂದು, ಎಲೆಯದು ಎರಡು. ಅಂಚಿನಿಂದ ಅರ್ಧ ಇಂಚಿಗಿಂತ ಸ್ವಲ್ಪ ಕಡಿಮೆ ಒಳಗೆ ಉದ್ದಕ್ಕೂ ಹೊಲಿಯಿರಿ. ಎಲೆಗಳನ್ನು ಕೆಳಕ್ಕೆ ಇಳಿಬಿಟ್ಟು ಇಸ್ತ್ರಿ ಒತ್ತಿ, 2 ಇಂಚು ಅಗಲದ ಕ್ಯಾನ್ವಾಸ್ ಪಟ್ಟಿಯನ್ನು ಒಳಗಿಟ್ಟು, ಮಿಕ್ಕ ಬಟ್ಟೆಯನ್ನು ಹಿಂದಕ್ಕೆ ಮಡಚಿ, ಅಂಚು ಒಳಗೆ ಸೇರಿಸಿ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಕ್ಯಾನ್ವಾಸ್ ಮೆಷಿನ್ ಕೆಳಗೆ ಹೋಗುವುದೇ ಇಲ್ಲ. ನೇತುಹಾಕಲು ಎರಡು ಕೊನೆಗಷ್ಟೇ ಅಲ್ಲ, ನಡುವೆಯೂ ಒಂದು ಕುಣಿಕೆ ಇರಲಿ, ಇಲ್ಲವಾದರೆ ಪಟ್ಟಿ ಜೋತುಬೀಳುತ್ತೆ. ಜರಿ ಲೇಸು, ಗೆಜ್ಜೆ, ಕನ್ನಡಿ ಬಿಲ್ಲೆ ಎಲ್ಲ ಕೈಹೊಲಿಗೆಗೇ ಬಿಡಿ. ಗೋಂದು ಹಾಕಿ ಅಂಟಿಸುವುದು ನಮ್ಮ ಕಡೆಯ ಮಳೆಗಾಲಕ್ಕೆ ಹೇಳಿದ್ದಲ್ಲ.

ತಾಂಬೂಲದ ಚೀಲ ಈ ಮೆಷಿನ್‌ಗೆ ಹೇಳಿ ಮಾಡಿಸಿದ ಕೆಲಸ. 9 ಇಂಚು ಅಗಲ, 22 ಇಂಚು ಉದ್ದದ ಒಂದೇ ತುಂಡು. ಉದ್ದದ ಎರಡೂ ಕೊನೆಗಳಲ್ಲಿ ಪಕ್ಕದ ಅಂಚನ್ನು ಎರಡು ಇಂಚಿನವರೆಗೆ ಅರ್ಧ ಇಂಚು ಒಳಗೆ ಮಡಚಿ ಹೊಲಿಯಿರಿ. ಆಮೇಲೆ ಕೊನೆಯನ್ನು ಮೊದಲು ಅರ್ಧ ಇಂಚು, ಮತ್ತೆ ಒಂದು ಇಂಚು ಮಡಚಿ ಹೊಲಿದರೆ ಲಾಡಿ ಹೋಗುವ ದಾರಿ ಆಯಿತು. ಒಳ್ಳೆ ಮುಖ ಒಳಗೆ ಮಾಡಿ ಅರ್ಧಕ್ಕೆ ಮಡಚಿ, ಎರಡೂ ಪಕ್ಕವನ್ನು ಅರ್ಧ ಇಂಚು ಒಳಗೆ ಹೊಲಿಯಿರಿ. ಆದರೆ ಲಾಡಿದಾರಿಯ ಹೊಲಿಗೆ ಸಿಕ್ಕಿದ ಕೂಡಲೇ ನಿಲ್ಲಿಸಿ, ಅದರ ಮೇಲಿನ ಭಾಗ ತೆರೆದೇ ಇರಬೇಕು. ಮಗುಚಿದರೆ 8 ಇಂಚು ಅಗಲ, ಒಂಬತ್ತೂವರೆ ಇಂಚು ಎತ್ತರದ ಚೀಲ. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಹಿಡಿಸುತ್ತೆ. ಎರಡು ಲಾಡಿ, ತಲಾ 24 ಇಂಚು, ಒಂದನ್ನು ಬಲಗಡೆಯಿಂದ, ಇನ್ನೊಂದನ್ನು ಎಡಗಡೆಯಿಂದ ಪೂರ್ತಿ ಸುತ್ತಿಸಿ ಗಂಟು ಹಾಕಿ. ತೊಳೆದ ಮೇಲೂ 36 ಇಂಚು ಅಗಲ ತುಂಬಿರುವ ಕಣದಲ್ಲಿ ನಾಲ್ಕು ಚೀಲ ಬರುತ್ತೆ.

ಚೀಲದ ಪಕ್ಕದ ಹೊಲಿಗೆಯ ಕೊನೆ ಮಾತ್ರ ಭಾರ ಬೀಳುವ ಜಾಗ, ಅಲ್ಲಿ ಗಂಟು ಬೇಕೇ ಬೇಕು. ಕೈಚಕ್ರ ತಿರುಗಿಸಿ ಸೂಜಿಯನ್ನು ತೀರಾ ಮೇಲಕ್ಕೆ ತಂದು, ಪಾದ ಎತ್ತಿ, ಬಟ್ಟೆಯನ್ನು ಒಂದು ಗೇಣು ಎಳೆದು ದಾರ ಕತ್ತರಿಸಿ. ಹಿಂಬದಿಯಿಂದ ಕೆಳದಾರ ಎಳೆದರೆ ಮೇಲ್ದಾರದ ಕುಣಿಕೆ ಹಿಂದಕ್ಕೆ ಬರುತ್ತೆ, ಎರಡನ್ನೂ ಸೇರಿಸಿ ಎರಡು ಗಂಟು. ಸೂಜಿ ಮೇಲೆ ಬರುವ ಮುಂಚೆ ಎಳೆದರೆ ಕೊನೆಯ ಹೊಲಿಗೆಗಳೇ ಬಿಚ್ಚಿಕೊಳ್ಳುತ್ತವೆ.

ದಾರ ಮತ್ತು ಸೂಜಿಯ ವಿಷಯಕ್ಕೆ ಬಂದರೆ, ಜೊತೆಗೆ ಬಂದ ಸಣ್ಣ ರೀಲುಗಳನ್ನು ಕಚ್ಚಾ ಹೊಲಿಗೆಗೆ ಇಟ್ಟುಕೊಳ್ಳಿ. ಹಾಸನದ ಕಸ್ತೂರಬಾ ರಸ್ತೆಯಲ್ಲಾಗಲಿ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಾಗಲಿ ಮ್ಯಾಚಿಂಗ್ ಸೆಂಟರ್‌ಗೆ ಕಣವನ್ನೇ ಹಿಡಿದುಕೊಂಡು ಹೋಗಿ, ಬಣ್ಣ ನೋಡಿ ಪಾಲಿಯೆಸ್ಟರ್ ದಾರ ತನ್ನಿ. ಬಾಬಿನ್ನಿಗೂ ಅದೇ ದಾರ ಸುತ್ತಿ. ಸುತ್ತಿಯೇ ಬಂದಿರುವ ಬಾಬಿನ್‌ಗಳ ದಾರ ಸಡಿಲವಾಗಿರುತ್ತೆ, ಹೊಲಿಗೆ ಹೆಚ್ಚುಕಡಿಮೆಯಾಗುತ್ತೆ. ಬಾಬಿನ್ ಲೋಹದ್ದೇ ಇರಲಿ, ಅಡಿಯ ಸಣ್ಣ ಅಯಸ್ಕಾಂತ ಅದನ್ನು ಹಿಡಿದಿಡುತ್ತೆ. ಪ್ಲಾಸ್ಟಿಕ್‌ನದು ಹಾಕಿದರೆ ಎಗರಾಡುತ್ತೆ. ಕಾಟನ್ ಕಣಕ್ಕೆ 14ನೇ ನಂಬರ್ ಸೂಜಿ, ತೆಳು ರೇಷ್ಮೆಯಂಥ ಬಟ್ಟೆಗೆ 11. ಸೂಜಿಯ ತಲೆಯ ಒಂದು ಬದಿ ಚಪ್ಪಟೆ ಇರುತ್ತೆ, ಹಳೇ ಸೂಜಿ ಬಿಚ್ಚುವ ಮುಂಚೆ ಆ ಬದಿ ಎತ್ತ ಇದೆ ನೋಡಿಟ್ಟುಕೊಂಡು ಹೊಸದನ್ನೂ ಹಾಗೇ ಹಾಕಿ. ತಿರುಗುಮುರುಗಾದರೆ ಹೊಲಿಗೆ ಬೀಳುವುದೇ ಇಲ್ಲ.

ಬಟ್ಟೆಯ ಅಡಿಯಲ್ಲಿ ಕುಣಿಕೆ ಕುಣಿಕೆಯಾಗಿ ಬಂದರೆ ಮೇಲ್ದಾರ ಸಡಿಲ ಅಥವಾ ಬಿಗಿಯುವ ಬಿಲ್ಲೆಗಳ ನಡುವೆ ಸರಿಯಾಗಿ ಕೂತಿಲ್ಲ. ಬಿಗಿ ಹೊಂದಿಸುವ ತಿರುಪು ಮುಟ್ಟುವ ಮುಂಚೆ ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತೆ. ಕುಣಿಕೆ ಮೇಲ್ಬದಿಯಲ್ಲಿ ಕಂಡರೆ ಮೇಲ್ದಾರ ಬಿಗಿ ಹೆಚ್ಚಾಗಿದೆ. ನಡುನಡುವೆ ಹೊಲಿಗೆ ತಪ್ಪುತ್ತಿದ್ದರೆ ಸೂಜಿ ಮೊಂಡಾಗಿದೆ. ಫೆಲ್ಟ್ ಬಟ್ಟೆ ಹೊಲಿದ ದಿನ ಬಾಬಿನ್ ಗುಂಡಿಯಲ್ಲಿ ನೂಲಿನ ಧೂಳು ತುಂಬುತ್ತೆ, ಹಳೇ ಬ್ರಷ್‌ನಿಂದ ತೆಗೆಯಿರಿ.

ಸಕಲೇಶಪುರ, ಮೂಡಿಗೆರೆ ಕಡೆಯವರು ಇನ್ನೂ ಒಂದು ವಿಷಯ ಗಮನಿಸಬೇಕು. ಶ್ರಾವಣ ಭಾದ್ರಪದದಲ್ಲಿ ಬಟ್ಟೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತೆ. ಹೊಲಿಯುವ ಮುಂಚೆ ಬಿಸಿ ಇಸ್ತ್ರಿ ಹಾಕದಿದ್ದರೆ ಈ ಮೆಷಿನ್‌ನ ಬಡಪಾಯಿ ಹಲ್ಲುಪಟ್ಟಿ ಬಟ್ಟೆಯನ್ನು ಮುಂದಕ್ಕೆ ಎಳೆಯುವುದಿಲ್ಲ. ಹಬ್ಬ ಮುಗಿದ ಮೇಲೆ ಸೆಲ್ ತೆಗೆದಿಡಿ, ಸೂಜಿ ಬಿಚ್ಚಿ ಎಣ್ಣೆ ಸವರಿದ ಬಟ್ಟೆಗೆ ಚುಚ್ಚಿಡಿ. ತೋರಣಕ್ಕೆ ಗಂಜಿ ಹಾಕಿ ಎತ್ತಿಡಬೇಡಿ, ಬೂಸ್ಟು ಹಿಡಿಯುತ್ತೆ.

ಮನೆಯಲ್ಲಿ ಅಜ್ಜಿ ಕಾಲದ ಕಪ್ಪು ಮೆಷಿನ್ ಇದ್ದರೆ ಈ ಮಿನಿ ಮೆಷಿನ್ ಕೊಳ್ಳುವ ಅಗತ್ಯವೇ ಇಲ್ಲ. ಕಪ್ಪು ಮೆಷಿನ್ ಏಳು ಪದರವನ್ನೂ ತೂರುತ್ತೆ, ಕೈಯಲ್ಲೋ ಕಾಲಲ್ಲೋ ಓಡುವುದರಿಂದ ಕರೆಂಟಿನ ಹಂಗಿಲ್ಲ, ಬಿಡಿಭಾಗ ಊರೂರಲ್ಲೂ ಸಿಗುತ್ತೆ. ಮಿನಿಯ ಹಲ್ಲುಚಕ್ರ ಹೋದರೆ ರಿಪೇರಿ ಮಾಡುವವರು ಸಿಗುವುದು ಕಷ್ಟ. ಜಾಗವಿಲ್ಲದ ಬಾಡಿಗೆ ಮನೆಯವರಿಗೆ, ಹೊಲಿಗೆ ಈಗಷ್ಟೇ ಕಲಿಯುತ್ತಿರುವವರಿಗೆ, ಹಬ್ಬಕ್ಕೊಮ್ಮೆ ಹತ್ತು ಚೀಲ ಹೊಲಿಯುವವರಿಗೆ ಮಿನಿ ಒಳ್ಳೆಯದು. ಐದಕ್ಕೆ ಮೂರು ಅಂಕ ಧಾರಾಳವಾಗಿ ಕೊಡಬಹುದು.

ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತೆ, ಅಲ್ಲಿಂದ ದೀಪಾವಳಿವರೆಗೆ ಹಾಸನದ ಮನೆಗಳಲ್ಲಿ ನೆಂಟರು ಬಂದುಹೋಗುತ್ತಲೇ ಇರುತ್ತಾರೆ. ಆ ಹೊತ್ತಿಗೆ ತೋರಣ ಬೇಕಿದ್ದರೆ ಮೆಷಿನ್ ಒಂದು ತಿಂಗಳು ಮುಂಚೆ ತರಿಸಿ. ಬಂದ ದಿನವೇ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ, ತೊಳೆದ ಕಣದ ಚೂರನ್ನು ಎರಡು ಪದರ ಮಾಡಿ ಒಂದು ಅಡಿ ಹೊಲಿದು ನೋಡಿ, ಆಮೇಲೆ ಮೂರು ಪದರ. ಮೂರು ಪದರದಲ್ಲಿ ಹೊಲಿಗೆ ತಪ್ಪಿದರೆ ಸೂಜಿ ಬದಲಿಸಿ ಇನ್ನೊಮ್ಮೆ ನೋಡಿ. ಆಗಲೂ ತಪ್ಪಿದರೆ, ಅಥವಾ ಮೋಟಾರಿನಿಂದ ಸುಟ್ಟ ವಾಸನೆ ಬಂದರೆ, ಹಾಗೇ ಪ್ಯಾಕ್ ಮಾಡಿ ವಾಪಸ್ ಕಳಿಸಿ.