ಬಿಸಿಲಿದ್ದರೂ ಹೊಳೆ ಬರುತ್ತದೆ: ಆನೆಗುಂದಿಗೆ ಹೊರಟವರ ಗಮನಕ್ಕೆ

ಈ ಮಳೆಗಾಲದಲ್ಲಿ ಹಂಪಿ, ಆನೆಗುಂದಿ ಕಡೆ ಹೊರಟವರಿದ್ದರೆ ದಯವಿಟ್ಟು ಇದನ್ನು ಓದಿ. ಪೂರ್ತಿ ಓದಲು ಪುರುಸೊತ್ತಿಲ್ಲ ಅಂದರೆ ಇಷ್ಟು ಸಾಕು: ಘಟ್ಟದಲ್ಲಿ ದೋಣಿ ಬಿಡುವುದನ್ನು ನಿಲ್ಲಿಸಿದ್ದಾರೆಂದರೆ ಅವತ್ತು ಹೊಳೆ ದಾಟಬೇಡಿ. "ಇನ್ನೊಂದ್ ಜಾಗ ಐತ್ರೀ ಸರ" ಅಂತ ಯಾರಾದರೂ ಬೈಕ್ ನಿಲ್ಲಿಸಿ ಕರೆದರೆ ಅವರ ಹಿಂದೆ ಹೋಗಬೇಡಿ. ನಾವು ಹೋದೆವು.

ಹೋದ ಶ್ರಾವಣದ ಮಾತು. ರಾಯರ ಆರಾಧನೆಗೆ ಮಂತ್ರಾಲಯಕ್ಕೆ ಹೊರಟಿದ್ದೆವು. ಅಮ್ಮನಿಗೆ ಬಹಳ ದಿನದಿಂದ ನವವೃಂದಾವನ, ಅಂದರೆ ಒಂಬತ್ತು ಮಾಧ್ವ ಯತಿಗಳ ಸಮಾಧಿ ಇರುವ ಜಾಗ, ನೋಡಬೇಕು ಅಂತ. ರಾಯರ ಗುರುಗಳಾದ ಸುಧೀಂದ್ರ ತೀರ್ಥರ ವೃಂದಾವನ ಇರುವುದು ಅಲ್ಲೇ. ನಡುವೆ ವ್ಯಾಸರಾಜರು, ಸುತ್ತ ಉಳಿದವರು. ಹೇಗೂ ಹೊಸಪೇಟೆಯ ಮೇಲೇ ಹೋಗುತ್ತೀವಲ್ಲ, ಗುರುಗಳ ದರ್ಶನ ಮಾಡದೆ ಶಿಷ್ಯರ ಹತ್ತಿರ ಹೋಗುವುದಾ ಅನ್ನುವುದು ಅವರ ವಾದ. ವಾದಕ್ಕೆ ಉತ್ತರ ಇರಲಿಲ್ಲ. ಕಾರಿನಲ್ಲಿ ನಾವು ಐದು ಜನ: ಅಮ್ಮ, ನಾನು, ಹೆಂಡತಿ, ತಂಗಿ, ತಂಗಿಯ ಒಂಬತ್ತು ವರ್ಷದ ಮಗ.

ನವವೃಂದಾವನ ಇರುವುದು ತುಂಗಭದ್ರೆಯ ನಡುವಿನ ನಡುಗಡ್ಡೆಯಲ್ಲಿ. ಆನೆಗುಂದಿ ದಡದಿಂದ ದೋಣಿಯಲ್ಲೇ ಹೋಗಬೇಕು. ಹೊಳೆ ತುಂಬಿದರೆ ಆ ಗಡ್ಡೆಯೇ ಮುಳುಗುತ್ತದೆ, ವೃಂದಾವನಗಳ ಸುತ್ತ ನೀರು ನಿಲ್ಲುತ್ತದೆ. ಇದು ಗುಟ್ಟಿನ ವಿಷಯವೇನೂ ಅಲ್ಲ, ಮಳೆಗಾಲದಲ್ಲಿ ಟಿವಿಯವರು ತೋರಿಸುತ್ತಲೇ ಇರುತ್ತಾರೆ. ನೋಡಿದ್ದೆ ಕೂಡ. ಆದರೆ ನಾವು ಹೋದ ದಿನ ಆನೆಗುಂದಿಯಲ್ಲಿ ಸುಡು ಬಿಸಿಲು. ಬಂಡೆ ಮುಟ್ಟಿದರೆ ಕೈ ಬಿಸಿಯಾಗುತ್ತಿತ್ತು, ಒಂದು ತುಂಡು ಮೋಡವಿಲ್ಲ. ಇಂಥ ದಿನ ಪ್ರವಾಹ ಅಂದರೆ ನಂಬುವುದಾದರೂ ಹೇಗೆ?

ಘಟ್ಟದಲ್ಲಿ ಹಗ್ಗ ಕಟ್ಟಿದ್ದರು. ದೋಣಿಗಳನ್ನು ಮೇಲಕ್ಕೆಳೆದು ಬೋರಲು ಹಾಕಿದ್ದರು. ಅಲ್ಲಿ ಕೂತಿದ್ದ ಹಿರಿಯರೊಬ್ಬರು "ಇವತ್ತಿಲ್ರೀ, ನೀರ್ ಬಿಡಾಕತ್ತಾರ" ಅಂದರು. ಅಷ್ಟೇ. ಅದಕ್ಕಿಂತ ಒಳ್ಳೆಯ ಸಲಹೆ ಆ ದಿನ ನನಗೆ ಇನ್ಯಾರೂ ಕೊಡಲಿಲ್ಲ. ಅಮ್ಮನ ಮುಖ ಸಣ್ಣದಾಯಿತು. ಕಾರಿನ ಹತ್ತಿರ ವಾಪಸ್ ಬರುತ್ತಿದ್ದಾಗ ಬೈಕ್ ಬಂತು.

ಹುಡುಗನಿಗೆ ಇಪ್ಪತ್ತೈದಿರಬಹುದು. ಒಂದಿಷ್ಟು ಕೆಳಗೆ ಗದ್ದೆ ದಾಟಿ ಹೋದರೆ ಅವನ ಕಡೆಯವರ ತೆಪ್ಪ ಇದೆ, ತಲೆಗೆ ಮುನ್ನೂರು, ಹೋಗಿ ಬರಲು ಒಂದು ಗಂಟೆ. "ನೀರು ಜಾಸ್ತಿ ಇದೆ ಅಂದ್ರಲ್ಲಪ್ಪ?" ಅಂದೆ. "ಇದೇನ್ ಹೊಳಿ ಅಂತೀರಿ ಸರ? ಹೊಳಿ ಬಂದ್ರ ಈ ಗದ್ದಿ ಕಾಣಂಗಿಲ್ಲ. ನಾವು ಹುಟ್ಟಿದಾಗಿನಿಂದ ಇದ್ರಾಗ ಅದೀವಿ." ಆ ಮಾತಿನ ಧೈರ್ಯಕ್ಕೆ ನಾನು ಮರುಳಾದೆ. ಈಗ ಯೋಚಿಸಿದರೆ, ಅವನು ಹುಟ್ಟಿದಾಗಿನಿಂದ ಅದರೊಳಗಿದ್ದಾನೆ ನಿಜ, ಆದರೆ ನನ್ನ ಅಮ್ಮ ಅಲ್ಲವಲ್ಲ.

ತೆಪ್ಪ ಅಂದರೆ ನಿಮಗೆ ಗೊತ್ತೇ ಇದೆ, ಬಿದಿರು ಹೆಣೆದ ದುಂಡನೆಯ ಬುಟ್ಟಿ. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ವಿಜಯನಗರದ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಇದೇ ಆನೆಗುಂದಿಯ ಹರಿಗೋಲುಗಳನ್ನು ಕಂಡು, ಇವು ನೇರ ಹೋಗುವುದೇ ಇಲ್ಲ, ಸುತ್ತುತ್ತಲೇ ಇರುತ್ತವೆ ಅಂತ ಬರೆದಿಟ್ಟಿದ್ದಾನೆ. ಐನೂರು ವರ್ಷವಾದರೂ ಆ ಸ್ವಭಾವ ಬದಲಾಗಿಲ್ಲ. ನಿಂತ ನೀರಿನಲ್ಲಿ ಅದು ಮಜಾ. ಸಣಾಪುರದ ಕೆರೆಯಲ್ಲಿ ಗಿರಗಿರ ತಿರುಗಿಸಿ ವಿಡಿಯೋ ಮಾಡಿಸಿಕೊಳ್ಳುತ್ತಾರಲ್ಲ, ಅದೇ. ಸೆಳವಿನಲ್ಲಿ ಮಾತ್ರ ಅದಕ್ಕೆ ಮುಂದು ಹಿಂದು ಯಾವುದೂ ಇಲ್ಲ, ನೀರು ಒಯ್ದ ಕಡೆ ಹೋಗುತ್ತದೆ. ಹುಟ್ಟು ಹಾಕುವವನ ತೋಳಿನ ಬಲವೊಂದೇ ಆಸರೆ.

ಅದರಲ್ಲಿ ಎರಡು ಲೈಫ್ ಜಾಕೆಟ್ ಇದ್ದವು. ಇದ್ದದ್ದು ಕೂರುವುದಕ್ಕೆ. ಬುಡದ ಬಿದಿರು ಚುಚ್ಚಬಾರದು ಅಂತ ಅಮ್ಮನ ಅಡಿಗೆ ಒಂದು, ನನ್ನ ಹೆಂಡತಿಯ ಅಡಿಗೆ ಒಂದು ಹಾಸಿದ ತೆಪ್ಪದವನು. ಮಗುವಿಗೆ ಹಾಕಪ್ಪ ಅಂತ ಒಂದನ್ನು ಎತ್ತಿಸಿದೆ. ಕೊಕ್ಕೆ ಮುರಿದು ಆ ಜಾಗಕ್ಕೆ ಸುತಳಿ ಕಟ್ಟಿದ್ದರು, ಅದೂ ಒಂದೇ ಕಡೆ. ದೊಡ್ಡವರ ಅಳತೆಯದ್ದು, ಹುಡುಗನ ಮೊಣಕಾಲು ಮುಟ್ಟುತ್ತಿತ್ತು. ನೀರಿಗೆ ಬಿದ್ದಿದ್ದರೆ ಜಾಕೆಟ್ ಒಂದು ಕಡೆ, ಹುಡುಗ ಒಂದು ಕಡೆ. ಅದನ್ನು ನೋಡಿದ ಮೇಲಾದರೂ ಇಳಿಯಬೇಕಿತ್ತು. ಸುತಳಿಯನ್ನು ಇನ್ನೊಂದು ಸುತ್ತು ಬಿಗಿದು ಸುಮ್ಮನೆ ಕೂತೆ.

ಹೋಗುವಾಗ ಏನೂ ಆಗಲಿಲ್ಲ. ಹೋಗುವಾಗ ಯಾವತ್ತೂ ಏನೂ ಆಗುವುದಿಲ್ಲ, ಅದೇ ಸಮಸ್ಯೆ.

ಗಡ್ಡೆಯಲ್ಲಿ ಇಳಿದು ದಡದ ಒಂದು ಚಪ್ಪಟೆ ಬಂಡೆಯ ಮೇಲೆ ಎಲ್ಲರೂ ಚಪ್ಪಲಿ ಬಿಟ್ಟೆವು. ನೀರು ಬಂಡೆಯಿಂದ ಸುಮಾರು ಎರಡು ಗೇಣು ಕೆಳಗಿತ್ತು. ತೆಪ್ಪದವನು "ಬರ್ತೀನ್ರೀ" ಅಂತ ವಾಪಸ್ ಹೋದ, ಇನ್ನೊಂದು ಗುಂಪು ಕಾಯುತ್ತಿದೆಯಂತೆ. ಪ್ರದಕ್ಷಿಣೆ ಹಾಕಿದೆವು. ಅಮ್ಮ ಜಪಕ್ಕೆ ಕೂತರು. ಮುಕ್ಕಾಲು ಗಂಟೆ ಕಳೆದಿರಬಹುದು. ಹುಡುಗ ಓಡಿ ಬಂದು "ಮಾಮ, ನನ್ ಚಪ್ಪಲಿ ಇಲ್ಲ" ಅಂದ. ಮಂಗ ಎತ್ತಿಕೊಂಡು ಹೋಗಿರಬೇಕು ಅಂದುಕೊಂಡು ಹೋಗಿ ನೋಡಿದರೆ ಚಪ್ಪಲಿ ಇರಲಿ, ಬಂಡೆಯೇ ಇಲ್ಲ.

ಬಂದಾಗ ಹಸಿರಾಗಿದ್ದ ನೀರು ಈಗ ಕೆಮ್ಮಣ್ಣು ಕದಡಿದ ಹಾಗಿತ್ತು. ಮೇಲೆ ನೊರೆ, ಜೊಂಡು, ಎಲ್ಲಿಂದಲೋ ಕಿತ್ತುಬಂದ ಒಂದು ಇಡೀ ಬಾಳೆಗಿಡ. ಅಬ್ಬರ ಇರಲಿಲ್ಲ ಅನ್ನುವುದೇ ನನಗೆ ಈಗಲೂ ಆಶ್ಚರ್ಯ. ಪ್ರವಾಹ ಅಂದರೆ ಭೋರ್ಗರೆಯುತ್ತದೆ ಅಂದುಕೊಂಡಿದ್ದೆ. ಇದು ಹಾಲು ಉಕ್ಕುವ ಹಾಗೆ, ಸದ್ದಿಲ್ಲದೆ ಮೇಲೇರುತ್ತಿತ್ತು. ಒಂದು ಕಡ್ಡಿ ನೆಟ್ಟು ನೋಡುತ್ತಾ ನಿಂತೆ. ಹತ್ತು ನಿಮಿಷಕ್ಕೆ ಕಡ್ಡಿಯ ಬುಡ ಒದ್ದೆ. ಫೋನ್ ಮಾಡಿದರೆ ಬೈಕಿನ ಹುಡುಗ "ಬಂದ್ರು ಬಂದ್ರು" ಅನ್ನುತ್ತಾನೆ. ಐದೂವರೆ ಆಯಿತು. ತಂಗಿ ಅಳಲು ಶುರು ಮಾಡಿದಳು. ಅಮ್ಮ ಮಾತ್ರ ಜಪ ಬಿಡಲಿಲ್ಲ. ಭಕ್ತಿಯೋ ಭಯವೋ, ನಾನು ಕೇಳಲಿಲ್ಲ.

ತೆಪ್ಪ ಬಂದಾಗ ಇಬ್ಬರಿದ್ದರು, ಎರಡು ಹುಟ್ಟು. ಅದನ್ನು ನೋಡಿಯೇ ನನಗೆ ವಿಷಯ ಗೊತ್ತಾಯಿತು. ಅವರು ನಮ್ಮನ್ನು ತಕ್ಷಣ ಹತ್ತಿಸಲಿಲ್ಲ. ತೆಪ್ಪವನ್ನು ತಲೆಯ ಮೇಲೆ ಹೊತ್ತು ದಡದಗುಂಟ ಮೇಲಕ್ಕೆ ನಡೆದರು, ನಾವು ಬರಿಗಾಲಲ್ಲಿ ಹಿಂದೆ. ಹೊಳೆ ಕೆಳಕ್ಕೆ ಎಳೆದೊಯ್ಯುತ್ತದೆ, ಆದ್ದರಿಂದ ಮೇಲಿನಿಂದ ಬಿಟ್ಟರೆ ಇಳಿಯಬೇಕಾದ ಜಾಗಕ್ಕೆ ಸರಿಯಾಗಿ ತಲುಪುತ್ತೇವೆ ಅನ್ನುವ ಲೆಕ್ಕ. ಲೆಕ್ಕವೇನೋ ಸರಿಯೇ, ಆದರೆ ನೀರು ಲೆಕ್ಕಕ್ಕಿಂತ ಜಾಸ್ತಿ ಇತ್ತು.

ಈ ಹೊಳೆಯ ತಳ ಮರಳಲ್ಲ, ಬಂಡೆ. ಹಂಪಿಯ ಗುಡ್ಡಗಳಲ್ಲಿ ಕಾಣುವ ಅದೇ ಗುಂಡುಗಳು ನೀರಿನಡಿಯಲ್ಲೂ ಇವೆ. ಬೇಸಿಗೆಯಲ್ಲಿ ಕಾಣುತ್ತವೆ, ಹೊಳೆ ಪೂರ್ತಿ ತುಂಬಿದಾಗ ಆಳದಲ್ಲಿರುತ್ತವೆ. ನಡುವಿನ ಮಟ್ಟದಲ್ಲಿ, ಏರುತ್ತಿರುವ ಹೊತ್ತಿನಲ್ಲಿ, ಒಂದು ಮೊಳ ನೀರಿನಡಿ ಅಡಗಿ ಮೇಲೆ ಸುಳಿ ಎಬ್ಬಿಸುತ್ತವೆ. ನಮ್ಮ ತೆಪ್ಪ ಅಂಥ ಒಂದರ ಮೇಲೆ ಕೂತಿತು. ಲಟಲಟ ಅಂತ ಬಿದಿರು ಮುರಿದ ಸದ್ದು. ಮೂರು ಸುತ್ತು ತಿರುಗಿ ಒಂದು ಬದಿ ವಾಲಿತು, ನೀರು ಒಳಗೆ ಬಂತು. ಅಮ್ಮ ಅಂಚು ಹಿಡಿದಿದ್ದರು. ಅವರ ಕೈ ಅಂಚಿಗೂ ಬಂಡೆಗೂ ನಡುವೆ ಸಿಕ್ಕಿತು. "ನಡುವ್ ಕೂಡ್ರಿ! ಎಲ್ರೂ ನಡುವ್!" ಅಂತ ತೆಪ್ಪದವನು ಕೂಗುತ್ತಿದ್ದ. ಆವರೆಗೆ ಧೈರ್ಯ ಹೇಳುತ್ತಿದ್ದ ದನಿ ಅದಲ್ಲ. ಹೇಗೆ ಬಿಡಿಸಿಕೊಂಡಿತೋ ಗೊತ್ತಿಲ್ಲ. ಇಳಿಯಬೇಕಾದ ಜಾಗ ದಾಟಿ ಬಹಳ ಕೆಳಗೆ, ನೀರು ನುಗ್ಗಿದ ಒಂದು ಬಾಳೆತೋಟದೊಳಗೆ ತೆಪ್ಪ ಹೋಗಿ ಸಿಕ್ಕಿಕೊಂಡಿತು. ಬಾಳೆಗಿಡ ತಬ್ಬಿಕೊಂಡು ಇಳಿದೆವು. ಅಮ್ಮನ ಬ್ಯಾಗು, ಅದರಲ್ಲಿದ್ದ ಔಷಧಿ, ಆಧಾರ್, ಎರಡು ಫೋನು ಹೊಳೆಪಾಲು.

ಇಳಿದ ಮೇಲೆ ತಲೆಗೆ ಇನ್ನೂರು ಜಾಸ್ತಿ ಕೇಳಿದರು, ಇಬ್ಬರು ಬಂದದ್ದಕ್ಕೆ. ಕೊಟ್ಟೆ. ಕೋಪ ಬಂದದ್ದು ಮರುದಿನ.

ತೋಟದ ಮಾಲೀಕರು ಟಾರ್ಚ್ ಹಿಡಿದು ಬಂದು ನಮ್ಮನ್ನು ಮನೆಗೆ ಕರೆದೊಯ್ದು, ಟೀ ಕೊಟ್ಟು, ಚೆನ್ನಾಗಿ ಬೈದರು. ನನಗೆ ಈ ಹೊಳೆಯ ಲೆಕ್ಕ ಗೊತ್ತಾದದ್ದು ಅವರಿಂದ. "ಇಲ್ಲಿ ಆಕಾಶ ಯಾಕ್ ನೋಡ್ತೀರಿ? ಶಿವಮೊಗ್ಗಿ ಆಕಾಶ ನೋಡ್ರಿ" ಅಂದರು. ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲಿ, ಕೂಡುವುದು ಕೂಡ್ಲಿಯಲ್ಲಿ. ಗಾಜನೂರಿನ ತುಂಗಾ ಅಣೆಕಟ್ಟೆ ಹಿಡಿಯುವುದು ಮೂರು ಟಿಎಂಸಿ ಚಿಲ್ಲರೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ), ನಾಲ್ಕು ದಿನ ಜೋರು ಮಳೆ ಬಂದರೆ ತುಂಬಿ ನೀರು ಕೆಳಗೆ. ಅದೆಲ್ಲ ಬಂದು ನಿಲ್ಲುವುದು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯಲ್ಲಿ. ಅಲ್ಲಿ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿ ಈಗ 105 ಚಿಲ್ಲರೆಗೆ ಇಳಿದಿದೆ. ಮಟ್ಟ 1,633 ಅಡಿ ಮುಟ್ಟುತ್ತಾ ಬಂತು, ಮೇಲಿನಿಂದ ಒಳಹರಿವು ನಿಂತಿಲ್ಲ ಅಂದರೆ ಗೇಟು ಎತ್ತಲೇಬೇಕು. ಅಲ್ಲಿಂದ ಹಂಪಿಗೆ, ಆನೆಗುಂದಿಗೆ ನೀರು ಬರುವುದು ಗಂಟೆಗಳ ಮಾತು, ದಿನಗಳದ್ದಲ್ಲ. ಆಗುಂಬೆಯಲ್ಲಿ ಸುರಿದ ಮಳೆ ನಮ್ಮ ಚಪ್ಪಲಿ ಒಯ್ದಿತ್ತು.

ಅದಕ್ಕೆ ಮಳೆಯೂ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಇದೇ ಹೊಸಪೇಟೆ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ ಹೊರಗೆ ಬಂತು. ಅವತ್ತು ರಾತ್ರಿ ಹೊಳೆಯ ನಡುವೆ ಯಾರಾದರೂ ಇದ್ದಿದ್ದರೆ ಅಂತ ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಒಂದು ಲಕ್ಷ ಕ್ಯೂಸೆಕ್ ಅಂದರೆ, ನಮ್ಮ ಬೆಂಗಳೂರಿನ 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ, ಒಂದೊಂದು ಸೆಕೆಂಡಿಗೆ 230ಕ್ಕಿಂತ ಹೆಚ್ಚು ಟ್ಯಾಂಕರ್. ಪೇಪರಿನಲ್ಲಿ ಆ ಅಂಕಿ ಓದುವಾಗ ಇನ್ನು ಮುಂದೆ ಹೀಗೆ ಓದಿ.

ಪೇಪರ್ ಅಂದೆನಲ್ಲ. ಅವತ್ತು ಬೆಳಿಗ್ಗೆ ಹೊಸಪೇಟೆಯ ಲಾಡ್ಜಿನಲ್ಲಿ ಪೇಪರ್ ಇತ್ತು. ಒಳಪುಟದಲ್ಲಿ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವು ಎಲ್ಲ ಇತ್ತು, ನದಿಪಾತ್ರದವರು ಎಚ್ಚರದಿಂದಿರಬೇಕೆಂಬ ಪ್ರಕಟಣೆಯೂ ಇತ್ತು. ರಾಶಿಫಲ ನೋಡಿ ಮಡಿಸಿ ಇಟ್ಟಿದ್ದೆ. ಧನಲಾಭ ಅಂತ ಇತ್ತು.

2019ರ ಆಗಸ್ಟ್ ನೆನಪಿದೆಯೇ? ವಿರೂಪಾಪುರ ಗಡ್ಡೆಯಲ್ಲಿ ವಿದೇಶಿಯರೂ ಸೇರಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ಎನ್‌ಡಿಆರ್‌ಎಫ್ ಬಂತು, ಹೆಲಿಕಾಪ್ಟರ್ ಬಂತು. ರಕ್ಷಣೆಗೆ ಹೋದ ಬೋಟೇ ಮಗುಚಿ, ಅದರಲ್ಲಿದ್ದವರನ್ನೂ ಹೆಲಿಕಾಪ್ಟರ್‌ನಲ್ಲೇ ಎತ್ತಬೇಕಾಯಿತು. ಮೋಟಾರು ಬೋಟು, ತರಬೇತಿ ಪಡೆದ ಜನ, ಅವರದ್ದೇ ಆ ಗತಿ. ನಾವು ಹೋದದ್ದು ಡಾಂಬರು ಬಳಿದ ಬುಟ್ಟಿಯಲ್ಲಿ.

ಊರಿನವರಿಗೆ ಅವರದ್ದೇ ಗುರುತುಗಳಿವೆ. ಹಂಪಿಯಲ್ಲಿ ಪುರಂದರದಾಸರ ಮಂಟಪದೊಳಗೆ ನೀರು ಬಂತೇ, ಕಂಪ್ಲಿಯ ಸೇತುವೆ ಮುಳುಗಿತೇ ಅಂತ ಕೇಳುತ್ತಾರೆ. ಆದರೆ ಮಂಟಪ ಮುಳುಗುವವರೆಗೆ ಕಾಯುವವರು ದಡದಲ್ಲಿರುವವರು. ನೀರಿನ ಮೇಲಿರುವವರಿಗೆ ಅಪಾಯ ಅದಕ್ಕೆ ಬಹಳ ಮೊದಲೇ, ನಾನು ಹೇಳಿದ ಆ ಏರುವ ಹೊತ್ತಿನಲ್ಲೇ. ನೀರಿನ ಬಣ್ಣ ತಿರುಗಿತು, ಕಸಕಡ್ಡಿ ತೇಲಿ ಬರುತ್ತಿದೆ ಅಂದರೆ ಫೋಟೋ ಬಿಟ್ಟು ಎದ್ದು ಹೊರಡಿ. ಹೊಗೇನಕಲ್ಲಿನ ತೆಪ್ಪಕ್ಕೂ ಇದೇ ಮಾತು, ಅಲ್ಲಿ ಏರುವುದು ಕಬಿನಿ, ಕೆಆರ್‌ಎಸ್ ನೀರು. ರಂಗನತಿಟ್ಟಿನಲ್ಲೂ ಕೆಆರ್‌ಎಸ್ ಗೇಟು ತೆಗೆದರೆ ದೋಣಿ ನಿಲ್ಲಿಸುತ್ತಾರೆ. ನಿಲ್ಲಿಸಿದವರ ಜೊತೆ ಜಗಳ ಆಡಬೇಡಿ.

ತೆಪ್ಪದವರನ್ನು ಪೂರ್ತಿ ಖಳರನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಮಳೆಗಾಲವಿಡೀ ದೋಣಿ ಬೋರಲು ಹಾಕಿ ಕೂತರೆ ಮನೆ ನಡೆಯುವುದು ಹೇಗೆ ಅನ್ನುವುದು ಅವರ ಕಷ್ಟ. ಘಟ್ಟದಲ್ಲಿ ಕೂತಿದ್ದ ಆ ಹಿರಿಯರ ಕಷ್ಟವೂ ಅದೇ, ಆದರೂ ಅವರು ಇಲ್ಲ ಅಂದರು. ಮರುದಿನ ದೂರು ಕೊಡಲು ಹೋದಾಗ ಕೇಳಿದ ಮೊದಲ ಪ್ರಶ್ನೆ: "ಹಗ್ಗ ಕಟ್ಟಿದ್ರಲ್ಲ, ನೀವ್ ಯಾಕ್ ಹೋದ್ರಿ?" ರಸೀದಿ ಇಲ್ಲ, ತೆಪ್ಪಕ್ಕೆ ನಂಬರ್ ಇಲ್ಲ, ಹೆಸರೂ ಗೊತ್ತಿಲ್ಲ. ಉತ್ತರ ಹೊಳೆಯದೆ ಎದ್ದು ಬಂದೆ.

ಅಮ್ಮನ ಮುಂಗೈಯ ಎರಡು ಮೂಳೆ ಮುರಿದಿತ್ತು. ಆರಾಧನೆಗೆ ಹೋಗಲಿಲ್ಲ, ಗಂಗಾವತಿಯಲ್ಲಿ ಪಟ್ಟಿ ಹಾಕಿಸಿ ಬೆಂಗಳೂರಿಗೆ ವಾಪಸ್ ಬಂದು ಆಪರೇಷನ್ ಮಾಡಿಸಿದೆವು. ಆ ಕೈಯಲ್ಲಿ ಈಗಲೂ ರಂಗೋಲಿ ಹಿಡಿಯಲು ಆಗುವುದಿಲ್ಲ. ತಂಗಿಯ ಮಗ ಈಜು ಕ್ಲಾಸಿಗೆ ಹೋಗಲು ಒಪ್ಪುತ್ತಿಲ್ಲ.

ಬೈಕಿನ ಹುಡುಗನ ಹತ್ತಿರ ನನ್ನ ನಂಬರ್ ಇದೆ. ಮೊನ್ನೆ ಮೆಸೇಜ್ ಬಂತು: "ಸರ ಈ ಸಲ ಆರಾಧನಿಗೆ ಬರ್ತೀರೇನ್ರಿ, ತೆಪ್ಪ ಐತಿ, ನೀರ್ ಕಡಿಮಿ ಐತಿ." ಅವತ್ತಿನ ಪೇಪರ್ ತೆಗೆದು ನೋಡಿದೆ. ಹೊರಹರಿವು ಹೆಚ್ಚಿಸುತ್ತಾರೆ, ಯಾರೂ ನದಿಗೆ ಇಳಿಯಬಾರದು ಅಂತ ಪ್ರಕಟಣೆ ಇತ್ತು.