ವಿಮಾನ ತಡವಾಯಿತೆಂದು ಗಾಬರಿಯಾಗಿ ನೀವೇ ಟಿಕೆಟ್ ರದ್ದು ಮಾಡಬೇಡಿ

ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು, ರಜೆ ಹೊಂದಿಸಿಕೊಂಡು, ಅಗ್ಗದ ದರ ಹುಡುಕಿ ಬುಕ್ ಮಾಡಿದ ಪ್ರವಾಸ ಹೊರಡುವ ಹೊತ್ತಿಗೆ ಮುರಿದುಬೀಳುವುದು ಯಾರಿಗೂ ಬೇಡದ ಸಂಕಟ. ಆದರೆ ಇಂಥ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಒಂದೇ ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಮಳೆಯಿಂದಲೋ ಯಂತ್ರದ ದೋಷದಿಂದಲೋ ಆದ ನಷ್ಟ ಸಣ್ಣದು. ಆಮೇಲಿನ ಒಂದೆರಡು ಗಂಟೆಗಳಲ್ಲಿ ಗಾಬರಿಯಿಂದ ಮಾಡಿಕೊಂಡ ನಷ್ಟ ದೊಡ್ಡದು.

ಸಾಮಾನ್ಯವಾಗಿ ನಡೆಯುವುದು ಹೀಗೆ. ಹೊರಡುವ ದಿನ ವಿಮಾನ ಐದು ಗಂಟೆ ತಡ ಎಂದು ಸಂದೇಶ ಬರುತ್ತದೆ. ಮುಂದಿನ ವಿಮಾನವನ್ನು ಬೇರೆ ಕಂಪನಿಯಲ್ಲಿ, ಬೇರೆ ಟಿಕೆಟ್ ಮೇಲೆ ತೆಗೆದಿರುವುದರಿಂದ ಅದು ತಪ್ಪುವುದು ಖಚಿತ. ಪ್ರಯಾಣಿಕ ತಕ್ಷಣ ಆ್ಯಪ್ ತೆರೆದು ಮೊದಲ ಟಿಕೆಟ್ ರದ್ದು ಮಾಡುತ್ತಾನೆ. ರದ್ದತಿ ಶುಲ್ಕ ಕಳೆದು ಬರುವುದು ಪುಡಿಗಾಸು. ಎರಡು ಗಂಟೆ ಬಿಟ್ಟು ಕಂಪನಿಯೇ ಆ ವಿಮಾನವನ್ನು ರದ್ದು ಮಾಡುತ್ತದೆ. ಕಾದು ಕುಳಿತವರಿಗೆಲ್ಲ ಪೂರ್ತಿ ಹಣ ವಾಪಸ್. ಇತ್ತ ತಂಗಲು ಬುಕ್ ಮಾಡಿದ್ದ ಜಾಗಕ್ಕೆ ಯಾರೂ ತಿಳಿಸಿಲ್ಲ; ರಾತ್ರಿಯಾದರೂ ಅತಿಥಿ ಬರಲಿಲ್ಲವೆಂದು ಅವರು ನಾಲ್ಕೂ ರಾತ್ರಿಯ ಬುಕಿಂಗ್ ಮುಚ್ಚುತ್ತಾರೆ. ಸಹಾಯಕ್ಕೆಂದು ಅಂತರ್ಜಾಲದಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರ್ ನಕಲಿ. ಗಾಯದ ಮೇಲೆ ಬರೆ ಎಳೆದಂತೆ ಖಾತೆಯಲ್ಲಿ ಉಳಿದಿದ್ದೂ ಹೋಗುತ್ತದೆ. ಇಷ್ಟರಲ್ಲಿ ದುರದೃಷ್ಟದ ಪಾಲು ವಿಮಾನ ತಡವಾದದ್ದು ಮಾತ್ರ. ಉಳಿದ ಮೂರನ್ನೂ ತಪ್ಪಿಸಬಹುದಿತ್ತು.

ಮೊದಲು ರದ್ದತಿಯ ವಿಷಯ. ರದ್ದು ಮಾಡಿದ್ದು ಯಾರು ಎಂಬುದರ ಮೇಲೆ ಹಣದ ಗತಿ ನಿಂತಿದೆ. ನೀವು ರದ್ದು ಮಾಡಿದರೆ ಟಿಕೆಟ್‌ನ ದರ ನಿಯಮ ಅನ್ವಯವಾಗುತ್ತದೆ. ಅಗ್ಗದ ದರಗಳಲ್ಲಿ ಅದು ಬಹುಪಾಲು ‘ಹಣ ವಾಪಸಿಲ್ಲ’ ಎಂದೇ ಇರುತ್ತದೆ. ಕಂಪನಿ ರದ್ದು ಮಾಡಿದರೆ ಆ ನಿಯಮ ಪಕ್ಕಕ್ಕೆ ಸರಿದು, ಬೇರೆ ವಿಮಾನ ಇಲ್ಲವೇ ಹಣ ಎಂಬ ಆಯ್ಕೆ ನಿಮ್ಮ ಕೈಗೆ ಬರುತ್ತದೆ. ಸಮಯ ಬಹಳ ಬದಲಾದಾಗಲೂ ಹೆಚ್ಚಿನ ಕಂಪನಿಗಳು ಶುಲ್ಕವಿಲ್ಲದೆ ದಿನಾಂಕ ಬದಲಿಸಲು ಅಥವಾ ಹಣ ಹಿಂಪಡೆಯಲು ಬಿಡುತ್ತವೆ. ಆದರೆ ಅದಕ್ಕೆ ಎಂದಿನ ರದ್ದತಿ ಗುಂಡಿ ಒತ್ತಬಾರದು, ಸಮಯ ಬದಲಾವಣೆ ತಿಳಿಸಿದ ಇಮೇಲ್‌ನಲ್ಲಿರುವ ಲಿಂಕ್ ಮೂಲಕವೇ ಹೋಗಬೇಕು. ಎರಡೂ ದಾರಿ ಕೊನೆಗೆ ಒಂದೇ ಪುಟದಂತೆ ಕಾಣುತ್ತವೆ, ಕಡಿತವಾಗುವ ಮೊತ್ತ ಮಾತ್ರ ಬೇರೆ. ಆ ಮೊತ್ತ ಸೊನ್ನೆ ಎಂದು ಪರದೆ ಮೇಲೆ ಕಾಣುವವರೆಗೆ ಖಚಿತಪಡಿಸಬೇಡಿ, ಕಂಡ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಹಾಗೆಂದು ವಿಮಾನ ಹೊರಡುವವರೆಗೂ ಸುಮ್ಮನಿರುವುದೂ ಅಪಾಯ. ಕಂಪನಿ ಏನನ್ನೂ ಬದಲಿಸಿಲ್ಲ, ನಿಮ್ಮದೇ ಕಾರಣಕ್ಕೆ ಹೋಗಲಾಗುತ್ತಿಲ್ಲ ಎಂದಾದರೆ ಕಂಪನಿ ಇಟ್ಟಿರುವ ರದ್ದತಿ ಗಡುವಿನೊಳಗೆ ರದ್ದು ಮಾಡಲೇಬೇಕು. ಬಾರದವರ ಪಟ್ಟಿಗೆ, ಅಂದರೆ ನೋ-ಶೋಗೆ ಸೇರಿದರೆ ಸಿಗಬಹುದಾದ ಅಲ್ಪಸ್ವಲ್ಪವೂ ಹೋಗುತ್ತದೆ. ಹಣ ವಾಪಸಿಲ್ಲದ ಟಿಕೆಟ್‌ನಲ್ಲೂ ಪ್ರಯಾಣ ಮಾಡದಿದ್ದರೆ ತೆರಿಗೆ ಮತ್ತು ವಿಮಾನ ನಿಲ್ದಾಣ ಶುಲ್ಕವನ್ನು ಹಲವು ಕಂಪನಿಗಳು ಹಿಂದಿರುಗಿಸುತ್ತವೆ. ಕೇಳದಿದ್ದರೆ ತಾವಾಗಿ ಕೊಡುವುದು ಅಪರೂಪ. ಅಗ್ಗದ ಟಿಕೆಟ್‌ನಲ್ಲಿ ಈ ಭಾಗವೇ ಮೂಲ ದರಕ್ಕಿಂತ ಹೆಚ್ಚಿರುವುದೂ ಉಂಟು, ಹಾಗಾಗಿ ಕೇಳಲು ಸಂಕೋಚ ಬೇಡ.

ಇದಕ್ಕೇ ಅಂಟಿಕೊಂಡಿರುವ ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಹೋಗಿಬರುವ ಟಿಕೆಟ್ ಒಂದೇ ಬುಕಿಂಗ್‌ನಲ್ಲಿದ್ದು, ಹೋಗುವ ವಿಮಾನ ನಿಮಗೆ ತಪ್ಪಿತು ಎಂದುಕೊಳ್ಳಿ. ಬಸ್ಸೋ ರೈಲೋ ಹಿಡಿದು ಹೇಗೋ ಊರು ಸೇರಿದಿರಿ. ಕೊನೆಯ ದಿನ ನಿಲ್ದಾಣಕ್ಕೆ ಹೋದರೆ ವಾಪಸ್ ಟಿಕೆಟ್ ರದ್ದಾಗಿರುತ್ತದೆ. ಮೊದಲ ಭಾಗ ಬಳಸದಿದ್ದರೆ ಉಳಿದ ಭಾಗಗಳೆಲ್ಲ ತಾವಾಗಿಯೇ ರದ್ದಾಗಬೇಕು ಎಂಬುದು ಬಹುತೇಕ ಕಂಪನಿಗಳ ಷರತ್ತು. ಆದ್ದರಿಂದ ಮೊದಲ ವಿಮಾನ ಹೊರಡುವ ಮುನ್ನವೇ ಕಂಪನಿಗೆ ಹೇಳಿ, ವಾಪಸ್ ಭಾಗ ಉಳಿಸಿಕೊಳ್ಳುವಂತೆ ಕೇಳಿ, ಒಪ್ಪಿದ್ದನ್ನು ಇಮೇಲ್ ಅಥವಾ ಚಾಟ್‌ನಲ್ಲಿ ಬರಹದಲ್ಲಿ ಪಡೆಯಿರಿ. ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ‘ಆಯ್ತು’ ಎಂದದ್ದು ವಾರ ಕಳೆದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಕಡಿಮೆ ಖರ್ಚಿನ ಪ್ರವಾಸಗಳು ಹೆಚ್ಚಾಗಿ ಮುರಿಯುವುದು ಎರಡು ಟಿಕೆಟ್‌ಗಳ ನಡುವಿನ ಸಂದಿಯಲ್ಲಿ. ಒಂದೇ ಬುಕಿಂಗ್ ಸಂಖ್ಯೆಯಡಿ ಎರಡು ವಿಮಾನಗಳಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ನಿಮ್ಮನ್ನು ಮುಂದಿನ ವಿಮಾನಕ್ಕೆ ಹಾಕುವ ಹೊಣೆ ಕಂಪನಿಯದು. ಬೇರೆ ಬೇರೆ ಬುಕಿಂಗ್ ಆದರೆ ಎರಡನೇ ಕಂಪನಿಯ ಕಣ್ಣಿಗೆ ನೀವು ತಡವಾಗಿ ಬಂದ ಪ್ರಯಾಣಿಕ, ಅಷ್ಟೇ. ಲಗೇಜ್ ಕೂಡ ಕೊನೆಯವರೆಗೆ ಹೋಗುವುದಿಲ್ಲ. ಹೊರಗೆ ಬಂದು ಅದನ್ನು ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಕೌಂಟರ್ ಸಾಮಾನ್ಯವಾಗಿ ಹೊರಡುವ 45 ರಿಂದ 60 ನಿಮಿಷ ಮೊದಲೇ ಮುಚ್ಚುತ್ತದೆ. ಬೇರೆ ದೇಶದಲ್ಲಿ ಹೀಗೆ ಹೊರಗೆ ಬರಲು ವೀಸಾ ಬೇಕಾಗಬಹುದು ಎಂಬುದು ಹಲವರಿಗೆ ಗೊತ್ತಾಗುವುದೇ ಅಲ್ಲಿಗೆ ಹೋದ ಮೇಲೆ. ಬುಕಿಂಗ್ ತಾಣಗಳು ಇಂಥ ಜೋಡಣೆಯನ್ನು ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತವೆ, ಹಣ ಕಟ್ಟುವ ಮುನ್ನ ಅದನ್ನು ಹುಡುಕಿ ನೋಡಿ.

ಪ್ರತ್ಯೇಕ ಟಿಕೆಟ್ ತೆಗೆಯಲೇಬೇಕೆಂದರೆ ಎರಡನೆಯದನ್ನು ದಿನದ ಕೊನೆಯ ವಿಮಾನವಾಗಿ ಇಟ್ಟುಕೊಳ್ಳಬೇಡಿ; ಅದು ತಪ್ಪಿದರೆ ಒಂದು ರಾತ್ರಿಯ ತಂಗುವ ಖರ್ಚೂ ಮೈಮೇಲೆ ಬರುತ್ತದೆ. ಮೊದಲನೆಯದನ್ನು ಸಾಧ್ಯವಾದಷ್ಟು ಬೆಳಗಿನ ಜಾವಕ್ಕೆ ಹಾಕಿ. ಒಂದೇ ವಿಮಾನ ದಿನವಿಡೀ ಹಲವು ಊರುಗಳ ನಡುವೆ ಓಡಾಡುವುದರಿಂದ ಬೆಳಗಿನ ತಡ ಸಂಜೆಗೆ ಬೆಳೆದಿರುತ್ತದೆ, ಮುಂಜಾನೆಯ ವಿಮಾನಕ್ಕೆ ಆ ಹೊರೆ ಕಡಿಮೆ. ಎರಡರಲ್ಲಿ ದುಬಾರಿ ಟಿಕೆಟ್ ಯಾವುದೋ ಅದು ಹೊರಡುವ ಊರಿಗೆ ಹಿಂದಿನ ದಿನವೇ ತಲುಪಿಬಿಡುವುದು ನಮ್ಮ ಪ್ರಕಾರ ಎಲ್ಲಕ್ಕಿಂತ ಅಗ್ಗದ ವಿಮೆ.

ನಿಜವಾದ ವಿಮೆಯ ಬಗ್ಗೆಯೂ ಒಂದು ಕಟುವಾದ ಮಾತು ಹೇಳಬೇಕು. ಸುದ್ದಿ ಹೊರಬಿದ್ದ ಮೇಲೆ ಕೊಂಡ ಪಾಲಿಸಿ ಆ ಸುದ್ದಿಗೆ ಉಪಯೋಗಕ್ಕೆ ಬರುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡ್‌ನ ಏಯಾಫ್ಯಾಟ್ಲಾಯೋಕುಟ್ಲ್ ಜ್ವಾಲಾಮುಖಿಯ ಬೂದಿಯಿಂದ ಯೂರೋಪಿನ ಬಹುಭಾಗದ ವಾಯುಮಾರ್ಗ ಸುಮಾರು ಆರು ದಿನ ಮುಚ್ಚಿತ್ತು. ಇಂಥ ಘಟನೆ ಶುರುವಾದ ಮೇಲೆ, ಅಥವಾ ಚಂಡಮಾರುತಕ್ಕೆ ಹೆಸರಿಟ್ಟು ಎಚ್ಚರಿಕೆ ಹೊರಡಿಸಿದ ಮೇಲೆ ಪಾಲಿಸಿ ಕೊಂಡರೆ ವಿಮಾ ಕಂಪನಿ ಅದನ್ನು ‘ಮೊದಲೇ ತಿಳಿದಿದ್ದ ಘಟನೆ’ ಎಂದು ಪರಿಗಣಿಸಿ ಕ್ಲೇಮ್ ತಿರಸ್ಕರಿಸುತ್ತದೆ. ಟಿಕೆಟ್ ತೆಗೆದ ದಿನವೇ ಪಾಲಿಸಿಯನ್ನೂ ತೆಗೆಯಿರಿ. ತಡದ ಪರಿಹಾರಕ್ಕೆ ಕನಿಷ್ಠ ಎಷ್ಟು ಗಂಟೆ ತಡವಾಗಬೇಕು ಎಂಬುದು ಪಾಲಿಸಿಯಲ್ಲೇ ಇರುತ್ತದೆ. 6 ಅಥವಾ 12 ಗಂಟೆ ಸಾಮಾನ್ಯ. ಕ್ಲೇಮ್‌ಗೆ ಬೇಕಾದದ್ದು ಎಷ್ಟು ತಡ, ಯಾವ ಕಾರಣ ಎಂದು ವಿಮಾನ ಕಂಪನಿ ಬರೆದುಕೊಟ್ಟ ಪತ್ರ. ಅದನ್ನು ನಿಲ್ದಾಣದಲ್ಲಿ ಇರುವಾಗಲೇ ಕೇಳಿ ಪಡೆಯಿರಿ, ಮನೆಗೆ ಬಂದು ಕೇಳಿದರೆ ವಾರಗಟ್ಟಲೆ ಅಲೆದಾಟ.

ತಂಗುವ ಜಾಗದ ವಿಷಯದಲ್ಲಿ ಮಾಡಬೇಕಾದ್ದು ಕಡಿಮೆ, ಆದರೆ ಬೇಗ ಮಾಡಬೇಕು. ತಡವಾಗುವುದು ಗೊತ್ತಾದ ಕೂಡಲೇ ಬುಕಿಂಗ್ ತಾಣದ ಸಂದೇಶ ಪೆಟ್ಟಿಗೆಯಲ್ಲಿ ‘ಇಂಥ ದಿನ, ಇಷ್ಟು ಹೊತ್ತಿಗೆ ಬರುತ್ತೇವೆ, ಬುಕಿಂಗ್ ಉಳಿಸಿಕೊಳ್ಳಿ’ ಎಂದು ಬರೆದು, ಆಮೇಲೆ ಫೋನ್ ಮಾಡಿ. ಫೋನ್ ಮಾತ್ರ ಮಾಡಿದರೆ ಪುರಾವೆ ಇರುವುದಿಲ್ಲ. ಉಚಿತ ರದ್ದತಿಯ ಗಡುವು ಆ ಊರಿನ ಗಡಿಯಾರದ ಪ್ರಕಾರ ಎಂಬುದನ್ನು ಮರೆಯಬೇಡಿ. ನಿಮ್ಮ ಊರಿನಲ್ಲಿ ಇನ್ನೂ ಸಂಜೆ ಇರುವಾಗಲೇ ಅಲ್ಲಿ ದಿನಾಂಕ ಬದಲಾಗಿರಬಹುದು. ಹಣ ವಾಪಸಿಲ್ಲದ ಬುಕಿಂಗ್ ಆದರೆ ಹಣ ಕೇಳಬೇಡಿ, ದಿನಾಂಕ ಬದಲಿಸಿಕೊಡಿ ಎಂದು ಕೇಳಿ. ಕೈಗೆ ಬಂದ ಹಣ ಹಿಂದಿರುಗಿಸಲು ಹಿಂಜರಿಯುವ ಮಾಲೀಕರು ಜನ ಕಡಿಮೆ ಇರುವ ವಾರಕ್ಕೆ ಬದಲಿಸಿಕೊಡಲು ಒಪ್ಪುವುದುಂಟು. ಒಪ್ಪಿದರೆ ಅದನ್ನು ತಾಣದ ಮೂಲಕವೇ ದಾಖಲಿಸಲು ಹೇಳಿ. ‘ಇಲ್ಲಿ ರದ್ದು ಮಾಡಿಬಿಡಿ, ಆಮೇಲೆ ನೋಡೋಣ’ ಎಂಬ ಮಾತಿಗೆ ಮರುಳಾಗಬೇಡಿ.

ಈಗ ನಕಲಿ ನಂಬರ್‌ಗಳ ಕಥೆ. ವಿಮಾನಗಳು ರಾಶಿ ರಾಶಿಯಾಗಿ ರದ್ದಾದ ದಿನ ವಂಚಕರಿಗೆ ಸುಗ್ಗಿ. ಕಂಪನಿಯ ಪುಟದಲ್ಲಿ ನೀವು ದೂರು ಬರೆದ ಐದೇ ನಿಮಿಷಕ್ಕೆ, ಅದೇ ಲಾಂಛನ ಹಾಕಿಕೊಂಡ ಖಾತೆಯಿಂದ ‘ಕ್ಷಮಿಸಿ, ನಿಮ್ಮ ನಂಬರ್ ಕಳಿಸಿ’ ಎಂದು ಉತ್ತರ ಬರುತ್ತದೆ. ಹುಡುಕಾಟದಲ್ಲಿ ಮೇಲೆ ಕಾಣುವ ಜಾಹೀರಾತಿನ ನಂಬರ್ ಕೂಡ ಅವರದೇ ಇರಬಹುದು. ಅವರು ರೀಫಂಡ್ ಕೊಡಿಸುತ್ತೇವೆಂದು ಹೇಳಿ ಒಂದು ಆ್ಯಪ್ ಹಾಕಿಸುತ್ತಾರೆ. ಆ ಆ್ಯಪ್ ನಿಮ್ಮ ಫೋನ್ ಪರದೆಯನ್ನು ಅವರಿಗೆ ತೋರಿಸುತ್ತದೆ, ಬಂದ ಒಟಿಪಿಯನ್ನು ಅವರೇ ಓದಿಕೊಳ್ಳುತ್ತಾರೆ. ದಯವಿಟ್ಟು ಮನೆಯ ಹಿರಿಯರಿಗೂ ಇದನ್ನು ಹೇಳಿಡಿ: ಹಣ ಪಡೆಯಲು ಪಿನ್ ಹಾಕಬೇಕಿಲ್ಲ, ಒಟಿಪಿ ಹೇಳಬೇಕಿಲ್ಲ, ಕಾರ್ಡಿನ ಹಿಂಬದಿಯ ಮೂರು ಅಂಕಿ ಕೊಡಬೇಕಿಲ್ಲ. ನಂಬರ್ ತೆಗೆದುಕೊಳ್ಳುವುದು ಟಿಕೆಟ್‌ನಿಂದ ಅಥವಾ ಕಂಪನಿಯ ಆ್ಯಪ್‌ನಿಂದ ಮಾತ್ರ. ಲೈನ್ ಸಿಗದಿದ್ದರೂ ಬೇರೆ ನಂಬರ್ ಹುಡುಕಬೇಡಿ. ಕೌಂಟರ್ ಸಾಲಿನಲ್ಲಿ ನಿಂತುಕೊಂಡೇ ಆ್ಯಪ್‌ನ ಚಾಟ್‌ನಲ್ಲಿ ಪ್ರಯತ್ನಿಸಿ.

ಹಣದ ಬದಲು ವೋಚರ್ ಕೊಡುತ್ತೇವೆಂದರೆ ನಿಧಾನಿಸಿ. ಒಮ್ಮೆ ಒಪ್ಪಿದರೆ ನಗದು ಕೇಳುವ ಹಕ್ಕು ಬಹುಮಟ್ಟಿಗೆ ಮುಗಿಯಿತು, ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡ್‌ನಲ್ಲಿ ಕಟ್ಟಿದ ಹಣವನ್ನು ಬ್ಯಾಂಕಿನ ಮೂಲಕ ವಾಪಸ್ ಕೇಳುವ ದಾರಿಯೂ ಮಸುಕಾಗುತ್ತದೆ. ತೆಗೆದುಕೊಳ್ಳುವುದೇ ಆದರೆ ಅವಧಿ ಮುಗಿಯುವುದು ಬುಕ್ ಮಾಡುವ ದಿನಕ್ಕೋ ಪ್ರಯಾಣದ ದಿನಕ್ಕೋ, ಉಳಿದ ಮೊತ್ತ ಇನ್ನೊಮ್ಮೆ ಬಳಸಬಹುದೋ, ಬೇರೆಯವರ ಹೆಸರಿಗೆ ಬಳಸಬಹುದೋ ಎಂದು ನೋಡಿಕೊಳ್ಳಿ.

ಯಾವುದರಿಂದ ಹಣ ಕಟ್ಟಿದ್ದೀರಿ ಎಂಬುದೂ ಮುಖ್ಯ. 2019ರ ಸೆಪ್ಟೆಂಬರ್ 23ರಂದು 178 ವರ್ಷ ಹಳೆಯ ಬ್ರಿಟಿಷ್ ಪ್ರವಾಸ ಕಂಪನಿ ಥಾಮಸ್ ಕುಕ್ ಬಾಗಿಲು ಹಾಕಿದಾಗ, ಹೊರದೇಶಗಳಲ್ಲಿದ್ದ ಅದರ 1,50,000ಕ್ಕೂ ಹೆಚ್ಚು ಬ್ರಿಟಿಷ್ ಗ್ರಾಹಕರನ್ನು ಸರ್ಕಾರವೇ ಕರೆತರಬೇಕಾಯಿತು. ಎಷ್ಟು ಹಳೆಯ ಹೆಸರಾದರೂ ಮುಳುಗಬಹುದು. ಕಾರ್ಡ್‌ನಲ್ಲಿ ಕಟ್ಟಿದ್ದರೆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಅರ್ಜಿ ಹಾಕಬಹುದು; ನೇರ ಖಾತೆಗೆ ವರ್ಗಾಯಿಸಿದ ಹಣಕ್ಕೆ ಆ ದಾರಿ ಇಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಹೆಚ್ಚಿನ ದೂರುಗಳಿಗೆ 120 ದಿನಗಳ ಗಡುವಿದೆ. ‘ರೀಫಂಡ್ ಬರುತ್ತದೆ, ಸ್ವಲ್ಪ ಕಾಯಿರಿ’ ಎಂಬ ಇಮೇಲ್‌ಗಳನ್ನು ನಂಬಿಕೊಂಡು ಆ ಗಡುವು ದಾಟಿಸಿಕೊಳ್ಳುವವರು ಬಹಳ. ಡೆಬಿಟ್ ಕಾರ್ಡ್ ಒಂದೇ ಇದ್ದರೆ ಇನ್ನೊಂದು ತೊಂದರೆ: ಹೋಟೆಲ್ ಅಥವಾ ಬಾಡಿಗೆ ಕಾರಿನವರು ಠೇವಣಿಯೆಂದು ತಡೆಹಿಡಿದ ಮೊತ್ತ ಬಿಡುಗಡೆಯಾಗಲು ಹಲವು ದಿನ ಹಿಡಿಯಬಹುದು. ಅಷ್ಟು ದಿನ ಆ ಹಣ ಖಾತೆಯಲ್ಲಿದ್ದೂ ಇಲ್ಲದಂತೆ.

ಲಗೇಜ್ ಬಾರದಿದ್ದರೆ ನಿಲ್ದಾಣದ ಹೊರಗೆ ಕಾಲಿಡುವ ಮುನ್ನ ದೂರು ದಾಖಲಿಸಿ, ಅದರ ಸಂಖ್ಯೆ ಪಡೆಯಿರಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ವಿಮಾನ ಕಂಪನಿಗಳ ಹೊಣೆ ನಿಗದಿಪಡಿಸುವ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವಲ್ಲಿ ಲಗೇಜ್ ಹಾನಿಯಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಅದು ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋದಂತೆಯೇ ಲೆಕ್ಕ. 2024ರ ಡಿಸೆಂಬರ್ 28ರಿಂದ ಲಗೇಜ್ ಪರಿಹಾರದ ಮಿತಿ ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ). ಇದು ಗರಿಷ್ಠ ಮಿತಿ, ಸಿಗುವುದು ತೋರಿಸಿದ ರಸೀದಿಯಷ್ಟು. ಬದಲಿ ಬಟ್ಟೆ, ಸೋಪು ಕೊಂಡ ಸಣ್ಣ ರಸೀದಿಯನ್ನೂ ಎಸೆಯಬೇಡಿ. ಔಷಧಿ, ಚಾರ್ಜರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಇಷ್ಟಾದ ಮೇಲೆ ಬರುವ ಪ್ರಶ್ನೆ, ಹೊಸ ಟಿಕೆಟ್ ಕೊಂಡು ಹೋಗಬೇಕೇ ಬೇಡವೇ ಎಂಬುದು. ‘ಇಷ್ಟು ಖರ್ಚು ಮಾಡಿಯಾಗಿದೆ, ಬಿಡಲು ಮನಸ್ಸಿಲ್ಲ’ ಎಂಬ ನೋವು ಅರ್ಥವಾಗುತ್ತದೆ, ಆದರೆ ಅದು ಲೆಕ್ಕಕ್ಕೆ ಬರಬಾರದು. ನಾಲ್ಕು ರಾತ್ರಿಯ ವಾಸಕ್ಕೆ 100 ಕೊಟ್ಟಿದ್ದೀರಿ ಎಂದುಕೊಳ್ಳಿ, ಒಂದು ರಾತ್ರಿ ಈಗಾಗಲೇ ಹೋಯಿತು. ಉಳಿಸಿಕೊಳ್ಳಲು ಇರುವುದು 75. ವಾಪಸ್ ಟಿಕೆಟ್ 40ರದು ಎಂದರೆ ಒಟ್ಟು 115. ಈ ಹೊತ್ತಿನ ಹೊಸ ಟಿಕೆಟ್ 160 ಇದ್ದರೆ, 115 ಉಳಿಸಲು 160 ಹಾಕುತ್ತಿದ್ದೀರಿ. ಆ 160 ಕೈಯಲ್ಲೇ ಇದ್ದರೆ ಮುಂದಿನ ಪ್ರವಾಸದ ಮೊದಲ ಕಂತು. ಮದುವೆಗೋ, ಮತ್ತೆ ಸಿಗದ ಭೇಟಿಗೋ ಹೊರಟಿದ್ದರೆ ಮಾತು ಬೇರೆ; ಬರೀ ಸುತ್ತಾಟವಾದರೆ ಬಿಡುವುದೇ ಲೇಸು. ಗುಂಪಿನಲ್ಲಿ ಹೊರಟಿದ್ದರೆ ಎಷ್ಟರವರೆಗೆ ಹೆಚ್ಚುವರಿ ಖರ್ಚು ಮಾಡುವುದೆಂದು ಬುಕ್ ಮಾಡುವಾಗಲೇ ಮಾತಾಡಿಕೊಳ್ಳಿ. ನಡುರಾತ್ರಿ ನಿಲ್ದಾಣದಲ್ಲಿ ಆ ಮಾತು ಜಗಳಕ್ಕೆ ತಿರುಗುತ್ತದೆ. ಒಂದು ರಾತ್ರಿ ತಂಗಲು ಮತ್ತು ಮನೆಗೆ ಮರಳಲು ಬೇಕಾಗುವಷ್ಟನ್ನು ಪ್ರವಾಸದ ಬಜೆಟ್‌ನಿಂದ ಹೊರಗೆ, ಬೇರೆ ಕಾರ್ಡ್ ಅಥವಾ ಖಾತೆಯಲ್ಲಿ ಇಡಿ.

ಕೊನೆಗೆ ದೂರು ಬರೆಯುವಾಗ ಉದ್ದ ಬೇಡ. ಬುಕಿಂಗ್ ಸಂಖ್ಯೆ, ವಿಮಾನ ಸಂಖ್ಯೆ ಮತ್ತು ದಿನಾಂಕ, ಆದದ್ದೇನು ಎಂದು ಎರಡು ಸಾಲು, ಬೇಕಾದ ಮೊತ್ತ ಎಷ್ಟು, ಯಾವ ಲೆಕ್ಕದಲ್ಲಿ, 14 ದಿನದೊಳಗೆ ಉತ್ತರ ಬೇಕು ಎಂಬ ಕೋರಿಕೆ, ಜೊತೆಗೆ ರಸೀದಿಗಳು. ಏಜೆಂಟ್ ಅಥವಾ ತಾಣದ ಮೂಲಕ ಬುಕ್ ಮಾಡಿದ್ದರೆ ಅವರಿಗೂ ವಿಮಾನ ಕಂಪನಿಗೂ ಒಂದೇ ಇಮೇಲ್‌ನಲ್ಲಿ ಕಳಿಸಿ. ಇಬ್ಬರೂ ಪರಸ್ಪರ ಬೊಟ್ಟು ಮಾಡುವುದು ಆಗ ಕಡಿಮೆಯಾಗುತ್ತದೆ, ಹಣ ಈಗ ಯಾರ ಬಳಿ ಇದೆ ಎಂಬುದಕ್ಕೆ ಲಿಖಿತ ಉತ್ತರವೂ ಸಿಗುತ್ತದೆ.