ಆಪ್ತ ಸಮಾಲೋಚನಾ ಕೇಂದ್ರಕ್ಕೆ ಐಎಸ್‌ಓ 9001: ಕೊಟ್ಟ ದುಡ್ಡಿಗೆ ಸಿಗುವುದೇನು?

ಕಾಲೇಜಿನ ಜೊತೆಗೋ ಕಾರ್ಖಾನೆಯ ಜೊತೆಗೋ ಒಪ್ಪಂದಕ್ಕೆ ಕೂತರೆ ಮೈಸೂರಿನ ಆಪ್ತ ಸಮಾಲೋಚನಾ ಕೇಂದ್ರಗಳಿಗೆ ಎದುರಾಗುವ ಪ್ರಶ್ನೆ ಒಂದಿದೆ: “ನಿಮ್ಮಲ್ಲಿ ಐಎಸ್‌ಓ ಇದೆಯಾ?” ಕೇಳುವುದು ಐಎಸ್‌ಓ 9001ನ್ನು, ಅಂದರೆ ಸಂಸ್ಥೆಯ ಕೆಲಸ ಕ್ರಮಬದ್ಧವಾಗಿ ನಡೆಯುತ್ತಿದೆ ಎನ್ನುವ ಅಂತರರಾಷ್ಟ್ರೀಯ ಗುಣಮಟ್ಟದ ಪ್ರಮಾಣಪತ್ರವನ್ನು. ಮಾಡಿಸಿಕೊಡುತ್ತೇವೆ ಎನ್ನುವವರಿಗೂ ಕೊರತೆಯಿಲ್ಲ. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ನಾಲ್ಕೈದು ಸಮಾಲೋಚಕರು, ಸ್ವಾಗತಕ್ಕೆ ಒಬ್ಬರು ಇರುವ ಕೇಂದ್ರ ಸರಿಯಾದ ಸಂಸ್ಥೆಯಿಂದ ಪಡೆದರೆ ಐಎಸ್‌ಓ 9001:2015ಕ್ಕೆ ಹಾಕಿದ ಹಣ ದಂಡವಲ್ಲ. ಒಬ್ಬರೇ ನಡೆಸುವ ಕೇಂದ್ರಕ್ಕೆ ಇದು ಬೇಡ. ಆ ಹಣದಲ್ಲಿ ತಿಂಗಳಿಗೊಮ್ಮೆ ಹಿರಿಯ ಸಮಾಲೋಚಕರೊಬ್ಬರಿಂದ ಸೂಪರ್‌ವಿಷನ್, ಅಂದರೆ ತಮ್ಮ ಕೇಸುಗಳ ಬಗ್ಗೆ ಮಾರ್ಗದರ್ಶನ, ಪಡೆದರೆ ಬರುವವರಿಗೆ ಹೆಚ್ಚು ಉಪಕಾರ.

ಈ ಪ್ರಮಾಣಪತ್ರ ಕೇಂದ್ರ ನಡೆಯುವ ಕ್ರಮದ ಬಗ್ಗೆ ಮಾತ್ರ ಹೇಳುತ್ತದೆ, ಸಮಾಲೋಚಕರ ಅರ್ಹತೆಯ ಬಗ್ಗೆ ಅಲ್ಲ. ಬೋರ್ಡಿನಲ್ಲಿ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬರೆಸಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ, ರಿಜಿಸ್ಟರಿನಲ್ಲಿ ಹೆಸರಿರಬೇಕು. ಉಳಿದ ಮನಶ್ಶಾಸ್ತ್ರಜ್ಞರು, ವೈದ್ಯಕೀಯ ಸಮಾಜ ಕಾರ್ಯಕರ್ತರು 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯ ಪಟ್ಟಿಯಲ್ಲಿದ್ದಾರೆ. ವೈದ್ಯರು ಬಂದು ಔಷಧ ಬರೆದುಕೊಡುವುದಾದರೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ, ನೋಂದಣಿ ನೋಡಿಕೊಳ್ಳಬೇಕು. ಎರಡೇ ಹಾಸಿಗೆ ಹಾಕಿ ಮಾನಸಿಕ ಕಾಯಿಲೆ ಇರುವವರನ್ನು ಚಿಕಿತ್ಸೆಗೆಂದು ಉಳಿಸಿಕೊಂಡರೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ ಕಡ್ಡಾಯ. ಮೊದಲು ಸಿಗುವ ತಾತ್ಕಾಲಿಕ ನೋಂದಣಿಯ ಅವಧಿ 12 ತಿಂಗಳು. ಇವು ಮುಗಿದ ಮೇಲಷ್ಟೇ ಐಎಸ್‌ಓ ಮಾತು.

ಐಎಸ್‌ಓ ಸಂಸ್ಥೆ ತಾನೇ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವುದು ಬೇರೆ ಸರ್ಟಿಫಿಕೇಷನ್ ಸಂಸ್ಥೆಗಳು. ಅವುಗಳಿಗೂ ಮಾನ್ಯತೆ ಇರಬೇಕು. ನಮ್ಮ ದೇಶದಲ್ಲಿ ಆ ಮಾನ್ಯತೆ ಕೊಡುವುದು ಸರ್ಟಿಫಿಕೇಷನ್ ಸಂಸ್ಥೆಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಎಬಿಸಿಬಿ. ಕೊಟೇಶನ್ ಬಂದ ಕೂಡಲೇ ದರಕ್ಕಿಂತ ಮೊದಲು ಆಡಿಟ್‌ಗೆ ಎಷ್ಟು ದಿನ ಬರೆದಿದ್ದಾರೆ ನೋಡಿ. 1ರಿಂದ 5 ಜನರಿರುವ ಕಡೆ ಸ್ಟೇಜ್ 1 (ದಾಖಲೆ, ಸಿದ್ಧತೆಯ ಪರಿಶೀಲನೆ), ಸ್ಟೇಜ್ 2 (ಕೆಲಸ ಹಾಗೆಯೇ ನಡೆಯುತ್ತಿದೆಯೇ ಎನ್ನುವ ಪರಿಶೀಲನೆ) ಎರಡೂ ಸೇರಿ ಒಂದೂವರೆ ದಿನ. 6ರಿಂದ 10 ಜನರಿದ್ದರೆ 2 ದಿನ. ಕಾರಣ ಬರೆದು ಕಡಿಮೆ ಮಾಡಬಹುದು, ಆದರೆ ಶೇ. 30ಕ್ಕಿಂತ ಹೆಚ್ಚಲ್ಲ. ಅರ್ಧ ಗಂಟೆಯ ವಿಡಿಯೋ ಕಾಲ್, ಮೂರನೇ ದಿನ ಸರ್ಟಿಫಿಕೇಟ್ ಎಂದರೆ ನೀವು ಕೊಂಡದ್ದು ಬರೀ ಕಾಗದ. ಇನ್ನೊಂದು ಗುರುತು: ದಾಖಲೆ ತಯಾರಿಸಿಕೊಡುವ ಕನ್ಸಲ್ಟೆಂಟ್ ಮತ್ತು ಆಡಿಟ್ ಮಾಡುವ ಸಂಸ್ಥೆ ಒಂದೇ ಆಗಿರಕೂಡದು, ನಿಯಮವೇ ಅದನ್ನು ತಡೆಯುತ್ತದೆ. ‘ಎಲ್ಲಾ ನಮ್ಮಲ್ಲೇ’ ಎನ್ನುವ ಪ್ಯಾಕೇಜನ್ನು ಅಲ್ಲಿಗೇ ಬಿಡಿ. ಆಡಿಟರ್ ಬೆಂಗಳೂರಿನಿಂದ ಬರುವುದಾದರೆ ಪ್ರಯಾಣ, ವಸತಿಯ ಖರ್ಚು ಪ್ರಮಾಣಪತ್ರದ ಮೂರೂ ವರ್ಷಕ್ಕೆ ಸೇರಿದೆಯೇ ಎಂದು ಬರೆಸಿಕೊಳ್ಳಿ.

ಈ ಸೇವೆಯ ನಿಜವಾದ ಲಾಭ ಸಿದ್ಧತೆಯಲ್ಲಿದೆ. ಎಡವುವುದೂ ಅಲ್ಲೇ. ಐಎಸ್‌ಓ 9001ರ 7.2ನೇ ಕಲಮು ಸಿಬ್ಬಂದಿಯ ಸಾಮರ್ಥ್ಯದ ಪುರಾವೆ ಕೇಳುತ್ತದೆ. ಪದವಿಯ ಜೆರಾಕ್ಸ್ ಮಾತ್ರ ಇಟ್ಟರೆ ಸಾಲದು. ಸೂಪರ್‌ವಿಷನ್ ನಡೆದ ದಿನಾಂಕ, ಚರ್ಚೆಯಾದ ವಿಷಯ, ಮುಂದೇನು ಮಾಡಬೇಕೆಂದು ತೀರ್ಮಾನಿಸಿದ್ದು ಇವಿಷ್ಟು ಒಂದು ಪುಟದಲ್ಲಿ ಇರಲಿ. ಆಡಿಟ್‌ಗೆ ಹಿಂದಿನ ವಾರ ಕೂತು ಆರು ತಿಂಗಳದ್ದನ್ನು ಒಂದೇ ಪೆನ್ನಿನಲ್ಲಿ ತುಂಬಿದ್ದು ಅನುಭವಿ ಕಣ್ಣಿಗೆ ಥಟ್ಟನೆ ಕಾಣುತ್ತದೆ. ಹೊರಗಿನಿಂದ ಬರುವ ಮನೋವೈದ್ಯರು, ಪಾರ್ಟ್‌ಟೈಮ್ ಸಮಾಲೋಚಕರು ಹೊರಗಿನವರ ಸೇವೆಯ ಬಗ್ಗೆ ಹೇಳುವ 8.4ರ ಕೆಳಗೆ ಬರುತ್ತಾರೆ. ಅವರ ಜೊತೆ ಲಿಖಿತ ಒಪ್ಪಂದ ಇರಬೇಕು, ಅವರ ಕೆಲಸದ ಮೌಲ್ಯಮಾಪನವೂ ಆಗಬೇಕು. ‘ಪರಿಚಯದವರು, ಕಾಗದ ಯಾಕೆ’ ಎಂದು ಬಿಟ್ಟರೆ ಆಡಿಟರ್ ಅದನ್ನು ಕೊರತೆ ಎಂದೇ ಬರೆಯುತ್ತಾರೆ.

ಹೆಚ್ಚು ಗಮನ ಬೇಕಿರುವುದು 8.5.3ಕ್ಕೆ. ಗ್ರಾಹಕರ ಸ್ವತ್ತನ್ನು ಕಾಪಾಡಬೇಕು ಎನ್ನುವ ಈ ಕಲಮಿನಲ್ಲಿ ವೈಯಕ್ತಿಕ ಮಾಹಿತಿಯೂ ಸ್ವತ್ತೇ. ಹೊರಗೆ ಕೂತವರೆಲ್ಲ ಓದುವಂತೆ ಟೇಬಲ್ ಮೇಲೆ ತೆರೆದಿಟ್ಟ ಹೆಸರು, ಫೋನ್ ನಂಬರಿನ ಪುಸ್ತಕವನ್ನು ಅವತ್ತೇ ತೆಗೆಯಿರಿ, ಕೋಡ್ ಸಂಖ್ಯೆ ಬಳಸಿ. ಅಪಾಯಿಂಟ್‌ಮೆಂಟ್ ವಾಟ್ಸಾಪ್ ರಿಸೆಪ್ಷನ್‌ನಲ್ಲಿರುವವರ ಸ್ವಂತ ಫೋನಿನಲ್ಲಿದ್ದರೆ ಅವರು ಕೆಲಸ ಬಿಟ್ಟ ದಿನ ಎಲ್ಲರ ಮಾಹಿತಿಯೂ ಅವರ ಜೊತೆ ಹೋಗುತ್ತದೆ. ಆದ್ದರಿಂದ ಕೇಂದ್ರಕ್ಕೇ ಒಂದು ಸಿಮ್ ಬೇಕು. ಹಳೆಯ ಮನೆಯ ಹಾಲನ್ನು ಪ್ಲೈವುಡ್ಡಿನಿಂದ ಎರಡು ಮಾಡಿದ್ದರೆ ಆಚೆ ಕೂತು ಕೇಳಿ ನೋಡಿ: ಒಳಗಿನ ಮಾತು ಸ್ಪಷ್ಟವಾಗಿ ಕೇಳಿಸಿದರೆ ಪ್ರಮಾಣಪತ್ರಕ್ಕಿಂತ ಮೊದಲು ಗೋಡೆ ಕಟ್ಟಿಸಿ.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅದಕ್ಕೆ ಹಾಕಿದ ಸಹಿಗೆ ಬೆಲೆ ಕಡಿಮೆ. ಕನ್ನಡದಲ್ಲಿ, ಒಂದೇ ಪುಟದಲ್ಲಿ ಇರಲಿ. ಗೌಪ್ಯತೆಗೆ ಮಿತಿ ಎಲ್ಲಿ ಎನ್ನುವುದೂ ಅದರಲ್ಲೇ ಬರಬೇಕು, ಏಕೆಂದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಕೇಂದ್ರ ಮುಚ್ಚಿದ ಹೊತ್ತಿನಲ್ಲಿ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ನ್ನೂ ಅಲ್ಲೇ ಮುದ್ರಿಸಿ.

ಆಡಿಟರ್ ಕೇಸ್ ಫೈಲ್ ಕೇಳಿದರೆ? ಕೊಡಬೇಡಿ. 2017ರ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ಹಕ್ಕು ಎಂದಿದೆ. ಅವರಿಗೆ ಬೇಕಾದದ್ದು ಕ್ರಮದ ಪುರಾವೆ: ಒಪ್ಪಿಗೆ ಪಡೆದ ದಿನಾಂಕ, ಅಪಾಯದ ಮೌಲ್ಯಮಾಪನ ಆಗಿದೆಯೇ, ಕೆ.ಆರ್. ಆಸ್ಪತ್ರೆಗೋ ಬೇರೆಡೆಗೋ ಕಳಿಸಿದ್ದರೆ ಅದರ ದಾಖಲೆ. ಇವನ್ನೆಲ್ಲ ಫೈಲಿನ ಮೊದಲ ಪುಟದಲ್ಲಿ ಕೋಡ್ ಸಂಖ್ಯೆಯೊಂದಿಗೆ ಬರೆದು ಸೆಷನ್ ಟಿಪ್ಪಣಿಯನ್ನು ಬೇರೆ ಬೀರುವಿನಲ್ಲಿಟ್ಟರೆ ಇಕ್ಕಟ್ಟೇ ಬರುವುದಿಲ್ಲ. ಇದನ್ನು ಅರ್ಥ ಮಾಡಿಕೊಂಡು ಸಹಕರಿಸುವ ಆಡಿಟರ್ ಸಿಗುವುದೇ ಈ ಸೇವೆಯ ಒಳ್ಳೆಯ ಭಾಗ. ಆಸ್ಪತ್ರೆ ಅಥವಾ ಶಿಕ್ಷಣ ಕ್ಷೇತ್ರದ ಅನುಭವ ಇರುವವರನ್ನೇ ಕಳಿಸಿ ಎಂದು ಮುಂಚೆಯೇ ಕೇಳಿ.

ಉಳಿಸಿಕೊಳ್ಳುವುದು ಪಡೆದಷ್ಟು ಸುಲಭವಲ್ಲ. ಪ್ರಮಾಣಪತ್ರ 3 ವರ್ಷದ್ದು. ಮೊದಲ ಸರ್ವೇಲೆನ್ಸ್ ಆಡಿಟ್, ಅಂದರೆ ನಡುವಿನ ತಪಾಸಣೆ, ಪ್ರಮಾಣಪತ್ರ ಕೊಡುವ ತೀರ್ಮಾನವಾದ ದಿನಾಂಕದಿಂದ 12 ತಿಂಗಳೊಳಗೆ ಆಗಲೇಬೇಕು. ಅದಕ್ಕೂ ಮೊದಲು ಆಂತರಿಕ ಆಡಿಟ್, ಆಡಳಿತದ ಪರಿಶೀಲನಾ ಸಭೆ ಎರಡೂ ನಡೆದಿರಬೇಕು. ತನ್ನ ಕೆಲಸವನ್ನು ತಾನೇ ಆಡಿಟ್ ಮಾಡಿದರೆ ನಿಷ್ಪಕ್ಷಪಾತ ಎನಿಸುವುದಿಲ್ಲ. ಚಿಕ್ಕ ಕೇಂದ್ರಗಳು ಸಿಕ್ಕಿಬೀಳುವುದು ಇಲ್ಲೇ. ಪಕ್ಕದ ಇನ್ನೊಂದು ಕೇಂದ್ರದವರೊಂದಿಗೆ ಅದಲುಬದಲು ಮಾಡಿಕೊಂಡರೆ ಖರ್ಚಿಲ್ಲದೆ ಮುಗಿಯುತ್ತದೆ, ಫೈಲಿನ ಮೊದಲ ಪುಟವಷ್ಟೇ ನೋಡುವ ಷರತ್ತಿನ ಮೇಲೆ.

ನವೀಕರಣಕ್ಕೆ ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ದಿನಾಂಕ ಹಿಡಿಯಿರಿ. ಅವಧಿ ಮೀರಿದರೂ ಆರು ತಿಂಗಳೊಳಗೆ ಬಾಕಿ ಕೆಲಸ ಮುಗಿಸಿದರೆ ಹಿಂದಿನದನ್ನೇ ಮತ್ತೆ ಊರ್ಜಿತಗೊಳಿಸಬಹುದು. ಆಮೇಲಾದರೆ ಕನಿಷ್ಠ ಸ್ಟೇಜ್ 2 ಮತ್ತೆ ಮಾಡಿಸಬೇಕು, ಅದರ ಹಣವನ್ನೂ ಕಟ್ಟಬೇಕು. ದಸರಾ ವಾರದಲ್ಲಿ ಮಾತ್ರ ಆಡಿಟ್ ಇಟ್ಟುಕೊಳ್ಳಬೇಡಿ: ಆಡಿಟರ್‌ಗೆ ರೂಮು ಸಿಗುವುದು ಕಷ್ಟ, ರಜೆಯಲ್ಲಿರುವ ಸಿಬ್ಬಂದಿಯನ್ನು ಮಾತಾಡಿಸಲೂ ಆಗುವುದಿಲ್ಲ.